ಲಾರಿಯ ಕ್ಯಾಬಿನ್ನಿನಲ್ಲಿ ಗೇರ್ ಎಣ್ಣೆಯ ವಾಸನೆ: ಕಾರಣಗಳೂ ನಿವಾರಣೋಪಾಯಗಳೂ

ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಕರ್ನಾಟಕದಲ್ಲಿ ಅತ್ಯಂತ ಕಡಿಮೆ ಮಳೆ ಬೀಳುವ ಸೀಮೆಗಳ ಪೈಕಿ ಸೇರಿದವು. ಇಲ್ಲಿಯ ಒಕ್ಕಲುತನವು ಬಹುಮಟ್ಟಿಗೆ ಶೇಂಗಾ ಬೆಳೆಯನ್ನೇ ನಂಬಿಕೊಂಡಿದೆ. ಆ ಶೇಂಗಾವನ್ನು ಅರೆಯುವ ಗಿರಣಿಗಳ ದೆಸೆಯಿಂದಲೇ ಚಳ್ಳಕೆರೆಗೆ ಎಣ್ಣೆಯ ಊರೆಂಬ ಹೆಸರು ಬಂದಿತು. ಹಿಂದೆ ಎತ್ತಿನ ಗಾಡಿಗಳ ಮೇಲೆ ಪೇಟೆಗೆ ಬರುತ್ತಿದ್ದ ಫಸಲು ಈಗ ಲಾರಿಗಳಲ್ಲಿಯೂ ಸಣ್ಣ ಸರಕು ಗಾಡಿಗಳಲ್ಲಿಯೂ ಬರುತ್ತದೆ. ಗಾಡಿಯ ಕಾಲದಲ್ಲಿ ಯಜಮಾನನು ಪಯಣಕ್ಕೆ ಮುಂಚೆ ಅಚ್ಚಿಗೆ ಕೀಲೆಣ್ಣೆ ಹಾಕಿದೆಯೋ ಇಲ್ಲವೋ ಎಂಬುದನ್ನು ತಾನೇ ಬಗ್ಗಿ ನೋಡುತ್ತಿದ್ದನು. ಲಾರಿ ಬಂದ ಮೇಲೆ ಆ ವಿಚಾರವನ್ನು ಡ್ರೈವರಿಗೂ ಮೇಸ್ತ್ರಿಗೂ ಒಪ್ಪಿಸಿ ಯಜಮಾನನು ಸುಮ್ಮನಾಗುವುದು ರೂಢಿಯಾಗಿದೆ.

ಆದಕಾರಣ ವ್ಯವಸಾಯದ ಪತ್ರಿಕೆಯಲ್ಲಿ ಲಾರಿಯ ಮಾತೇಕೆಂದು ವಾಚಕರು ಆಕ್ಷೇಪಿಸಲಾರರೆಂದು ನಂಬುತ್ತೇನೆ. ನೇಗಿಲಿನಂತೆ ಲಾರಿಯೂ ಈಗ ಒಕ್ಕಲುತನದ ಉಪಕರಣವೇ ಆಗಿದೆ. ಸುಗ್ಗಿಯಲ್ಲಿ ಅದು ನಡುದಾರಿಯಲ್ಲಿ ನಿಂತರೆ ವರ್ಷದ ದುಡಿಮೆಯೇ ನಡುದಾರಿಯಲ್ಲಿ ನಿಂತಂತೆ. ಹೀಗೆ ನಿಲ್ಲುವುದಕ್ಕೆ ಬಹಳ ಮುಂಚಿತವಾಗಿ ಲಾರಿಯು ಕೊಡುವ ಸೂಚನೆಗಳಲ್ಲಿ ಒಂದು, ಕ್ಯಾಬಿನ್ನಿನೊಳಗೆ ಬರುವ ಗೇರ್ ಎಣ್ಣೆಯ ವಾಸನೆ. ಅದನ್ನು ಹೇಗೆ ಗುರುತಿಸಬೇಕು, ಹೇಗೆ ಹುಡುಕಬೇಕು, ಹೇಗೆ ನಿವಾರಿಸಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ವಾಸನೆಯ ಸ್ವರೂಪ

ಗೇರ್ ಬಾಕ್ಸಿನಲ್ಲಿ ಹಲ್ಲಿನ ಚಕ್ರಗಳು ಒಂದನ್ನೊಂದು ಬಹಳ ಒತ್ತಡದಿಂದ ಉಜ್ಜುತ್ತ ತಿರುಗುತ್ತವೆ. ಬರಿಯ ಎಣ್ಣೆಯ ಪೊರೆಯು ಆ ಒತ್ತಡವನ್ನು ತಡೆಯಲಾರದು. ಆದ್ದರಿಂದ ಗೇರ್ ಎಣ್ಣೆಗೆ ಗಂಧಕ ಮತ್ತು ರಂಜಕಗಳ ಸಂಯುಕ್ತ ವಸ್ತುಗಳನ್ನು ಬೆರೆಸಿರುತ್ತಾರೆ. ಇವು ಒತ್ತಡದ ಸ್ಥಳದಲ್ಲಿ ಉಕ್ಕಿನ ಮೇಲೆ ತೆಳ್ಳನೆಯ ಲೇಪವನ್ನುಂಟುಮಾಡಿ ಹಲ್ಲುಗಳು ಸವೆಯದಂತೆ ಕಾಪಾಡುವುವು. ಸೀದ ಬೆಳ್ಳುಳ್ಳಿಯನ್ನೋ ಕೊಳೆತ ಈರುಳ್ಳಿಯನ್ನೋ ಹೋಲುವ ಆ ನಾತಕ್ಕೆ ಈ ಗಂಧಕವೇ ಕಾರಣ. ಹೀಗಿರುವುದರಿಂದ ವಾಸನೆಯುಂಟೆಂಬ ಮಾತ್ರಕ್ಕೆ ಎಣ್ಣೆ ಕೆಟ್ಟಿದೆಯೆಂದು ತಿಳಿಯಬಾರದು. ದೋಷವಿರುವುದು ಎಣ್ಣೆಯಲ್ಲಲ್ಲ, ಪೆಟ್ಟಿಗೆಯೊಳಗೆ ಇರಬೇಕಾದದ್ದು ಮನುಷ್ಯನ ಮೂಗಿನವರೆಗೆ ಬಂದುದರಲ್ಲಿ.

ಇತರ ವಾಸನೆಗಳನ್ನು ಇದರಿಂದ ಬೇರ್ಪಡಿಸಿ ತಿಳಿಯತಕ್ಕದ್ದು. ಕ್ಲಚ್ ಪ್ಲೇಟು ಸೀದರೆ ಸುಟ್ಟ ಕಾಗದದಂಥ ವಾಸನೆ ಬರುವುದು. ರೇಡಿಯೇಟರಿನ ಬಣ್ಣದ ನೀರು ಸೋರಿದರೆ ತುಸು ಸಿಹಿಯಾದ ವಾಸನೆ ಬರುವುದು. ಬ್ಯಾಟರಿಯು ಅತಿಯಾಗಿ ಚಾರ್ಜಾಗಿ ಕುದಿಯುತ್ತಿದ್ದರೆ ಕೊಳೆತ ಮೊಟ್ಟೆಯ ನಾತ ಹೊರಡುವುದು. ಇದೂ ಗಂಧಕದ್ದೇ ಆದುದರಿಂದ ಅನೇಕರು ಇದನ್ನು ಗೇರ್ ಎಣ್ಣೆಯದೆಂದು ಭ್ರಮಿಸಿ ವೃಥಾ ಗೇರ್ ಬಾಕ್ಸನ್ನು ಬಿಚ್ಚಿಸುತ್ತಾರೆ. ಬ್ಯಾಟರಿಯನ್ನು ಮುಟ್ಟಿ ಬಿಸಿಯಿದೆಯೇ ಎಂದು ಮೊದಲು ನೋಡಿದರೆ ಈ ವೆಚ್ಚವು ತಪ್ಪುವುದು.

ಎರಡು ದಾರಿಗಳು

ವಾಚಕರು ಮುಖ್ಯವಾಗಿ ಮನಸ್ಸಿನಲ್ಲಿಡತಕ್ಕ ಸಂಗತಿಯೊಂದುಂಟು. ಕ್ಯಾಬಿನ್ನಿನಲ್ಲಿ ಗೇರ್ ಎಣ್ಣೆಯ ವಾಸನೆ ಇದೆಯೆಂದರೆ ಸಾಮಾನ್ಯವಾಗಿ ಎರಡು ದಾರಿಗಳು ತೆರೆದಿವೆಯೆಂದು ಅರ್ಥ. ಒಂದು, ಎಣ್ಣೆಯೋ ಅದರ ಆವಿಯೋ ಪೆಟ್ಟಿಗೆಯಿಂದ ಹೊರಬೀಳುವ ದಾರಿ. ಇನ್ನೊಂದು, ನೆಲದಡಿಯ ಗಾಳಿ ಕ್ಯಾಬಿನ್ನಿನೊಳಗೆ ನುಗ್ಗುವ ದಾರಿ. ಎರಡನ್ನೂ ಮುಚ್ಚಬೇಕು. ಗೇರ್ ರಾಡಿನ ಸುತ್ತಲಿನ ಸಂದಿಗೆ ಗೋಣಿಯ ತುಂಡನ್ನು ತುರುಕಿ ಸುಮ್ಮನಾದರೆ ವಾಸನೆ ನಿಲ್ಲಬಹುದು, ಸೋರಿಕೆ ನಿಲ್ಲದು. ಮುನ್ಸೂಚನೆ ಕೊಡುತ್ತಿದ್ದ ಮೂಗಿಗೆ ಬಟ್ಟೆ ಕಟ್ಟಿದಂತಾಗಿ, ಎಣ್ಣೆ ಬರಿದಾದ ಗೇರ್ ಬಾಕ್ಸಿನ ಬೇರಿಂಗುಗಳು ಒಂದು ದಿನ ಹಿಡಿದುಕೊಳ್ಳುವುವು. ಆಗಿನ ಖರ್ಚಿನ ಮುಂದೆ ಒಂದು ಆಯಿಲ್ ಸೀಲಿನ ಬೆಲೆ ಏನೂ ಅಲ್ಲ.

ಹುಡುಕುವ ಕ್ರಮ

ಮೊದಲು ಡ್ರೈವರನ್ನು ಸಮಾಧಾನದಿಂದ ವಿಚಾರಿಸಿರಿ. ವಾಸನೆ ಓಡುವಾಗ ಬರುವುದೋ, ನಿಂತಾಗಲೋ? ಏರು ಹತ್ತುವಾಗ ಹೆಚ್ಚುವುದೋ? ಗಾಳಿ ಯಂತ್ರವನ್ನು ಹಾಕಿದೊಡನೆ ಬರುವುದೋ? ಇತ್ತೀಚೆಗೆ ಎಣ್ಣೆ ಬದಲಿಸಿದ್ದುಂಟೋ? ಎಣ್ಣೆ ತುಂಬುವಾಗ ಹೊರಗೆ ಚೆಲ್ಲಿದ್ದರೆ ಅದು ಬಿಸಿಗೆ ಆವಿಯಾಗಿ ಕೆಲವು ದಿನ ವಾಸನೆ ಕೊಟ್ಟು ತಾನಾಗಿಯೇ ಅಡಗುವುದು. ಚೆನ್ನಾಗಿ ತೊಳೆದ ಮೇಲೂ ವಾಸನೆ ಉಳಿದರೆ ಮುಂದೆ ಹೇಳುವಂತೆ ಪರೀಕ್ಷಿಸಬೇಕು.

ಲಾರಿಯನ್ನು ಸಮನೆಲದ ಮೇಲೆ ನಿಲ್ಲಿಸಿ, ಇಂಜಿನ್ನನ್ನು ಆರಿಸಿ, ಗಾಲಿಗಳಿಗೆ ಕಲ್ಲು ಕೊಟ್ಟು, ಬಿಸಿ ಇಳಿದ ಮೇಲೆಯೇ ಅಡಿಗೆ ಹೋಗತಕ್ಕದ್ದು. ಜಾಕಿಯೊಂದನ್ನೇ ನಂಬಿ ಲಾರಿಯ ಅಡಿಗೆ ಸರ್ವಥಾ ಹೋಗಕೂಡದು.

1. ಉಸಿರುಕೊಳವೆ: ಗೇರ್ ಬಾಕ್ಸಿನ ಮೇಲ್ಭಾಗದಲ್ಲಿ ಮೇಸ್ತ್ರಿಗಳು ಬ್ರೀದರೆಂದು ಕರೆಯುವ ಸಣ್ಣ ರಂಧ್ರವುಳ್ಳ ಮುಚ್ಚಳವೊಂದಿರುವುದು. ಪೆಟ್ಟಿಗೆಯೊಳಗಿನ ಗಾಳಿಯು ಬಿಸಿಯಾಗಿ ಹಿಗ್ಗಿದಾಗ ಇದರ ಮೂಲಕ ಹೊರಹೋಗುವುದು. ನಮ್ಮ ಸೀಮೆಯ ಹೊಲದ ದಾರಿಗಳಲ್ಲಿ ಏಳುವ ಧೂಳು ಎಣ್ಣೆಯ ಪಸೆಗೆ ಅಂಟಿ ಈ ರಂಧ್ರವನ್ನು ಮುಚ್ಚಿಬಿಡುವುದುಂಟು. ಉಸಿರಿಗೆ ಎಡೆಯಿಲ್ಲದಾಗ ಒಳಗಿನ ಒತ್ತಡವು ಸೀಲುಗಳನ್ನು ದಾಟಿಸಿ ಎಣ್ಣೆಯನ್ನು ಹೊರಕ್ಕೆ ನೂಕುವುದು. ಸೀಲು ಹೊಸದಾಗಿದ್ದರೂ ಸೋರುವುದು. ಅದನ್ನು ಎಷ್ಟು ಸಲ ಬದಲಿಸಿದರೂ ಪ್ರಯೋಜನವಿಲ್ಲ. ಆದ್ದರಿಂದ ಕಾಸು ಖರ್ಚಿಲ್ಲದ ಈ ಪರೀಕ್ಷೆಯನ್ನೇ ಮೊದಲು ಮಾಡತಕ್ಕದ್ದು. ಕೊಳವೆಯನ್ನು ಬಿಚ್ಚಿ ತೊಳೆದು, ಊದಿ, ಗಾಳಿ ಸರಾಗವಾಗಿ ಹೋಗುವುದನ್ನು ಕಂಡು ಮತ್ತೆ ಕೂಡಿಸಿರಿ.

2. ಎಣ್ಣೆಯ ಮಟ್ಟ: ಸಾಮಾನ್ಯವಾಗಿ ಪಕ್ಕದಲ್ಲಿರುವ ಬಿರಡೆಯನ್ನು ತೆಗೆದರೆ ಎಣ್ಣೆಯು ರಂಧ್ರದ ಕೆಳ ಅಂಚಿನ ಸಮಕ್ಕೆ ನಿಂತಿರಬೇಕು. ಅದಕ್ಕಿಂತ ಹೆಚ್ಚಾದರೆ ಚಕ್ರಗಳು ಎಣ್ಣೆಯನ್ನು ಕಡೆದು ನೊರೆ ಎಬ್ಬಿಸಿ ಉಸಿರುಕೊಳವೆಯಿಂದ ಉಕ್ಕಿಸುವುವು. ಕಡಿಮೆಯಾದರೆ ಉಳಿದಷ್ಟು ಎಣ್ಣೆ ಅತಿಯಾಗಿ ಕಾದು ಸೀಯುವುದು. ಎಣ್ಣೆಯು ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಸೇರಿದೆ. ಬಿಸಿಯಾದ ಲಾರಿಯನ್ನು ಆಳವಾದ ಹಳ್ಳದಲ್ಲಿ ಇಳಿಸಿದಾಗ ಹೀಗಾಗುವುದುಂಟು. ಅಂಥ ಎಣ್ಣೆಯನ್ನು ತಡಮಾಡದೆ ಬದಲಿಸಬೇಕು.

3. ಸೋರುವ ಸ್ಥಳ: ಎಣ್ಣೆ ತೊಟ್ಟಿಕ್ಕುವ ಸ್ಥಳವೇ ಸೋರುವ ಸ್ಥಳವೆಂದು ನಿರ್ಣಯಿಸಬಾರದು. ಲಾರಿ ಮುಂದಕ್ಕೆ ಓಡುವಾಗ ಗಾಳಿಯು ಎಣ್ಣೆಯನ್ನು ಹಿಂದಕ್ಕೆ ಒಯ್ಯುವುದು, ಭಾರವು ಕೆಳಕ್ಕೆ ಎಳೆಯುವುದು. ಆದಕಾರಣ ಒದ್ದೆಯಾದ ಭಾಗದಲ್ಲಿ ಎಲ್ಲಕ್ಕಿಂತ ಮೇಲಿರುವ, ಎಲ್ಲಕ್ಕಿಂತ ಮುಂದಿರುವ ಜಾಗವನ್ನು ಹುಡುಕಬೇಕು. ಅದು ತಿಳಿಯದಿದ್ದರೆ ಗೇರ್ ಬಾಕ್ಸಿನ ಹೊರಮೈಯನ್ನು ತೊಳೆದು ಪೂರ್ತಿಯಾಗಿ ಒಣಗಿಸಿ, ಸೀಮೆಸುಣ್ಣದ ಪುಡಿಯನ್ನು ತೆಳುವಾಗಿ ಎರಚಿ, 10–15 ಕಿಲೋಮೀಟರು ಓಡಿಸಿ ತಂದು ನೋಡಿರಿ. ಬಿಳಿಯ ಪುಡಿಯ ಮೇಲೆ ಎಣ್ಣೆಯು ತನ್ನ ಹಾದಿಯನ್ನು ತಾನೇ ಬರೆದಿರುವುದು. ಊರಿಗೆ ಬಂದವಳು ನೀರಿಗೆ ಬಾರದಿರುವಳೆ? ತೊಳೆಯುವುದಕ್ಕೆ ಪೆಟ್ರೋಲನ್ನು ಉಪಯೋಗಿಸಕೂಡದು. ಹತ್ತಿರದಲ್ಲಿ ಬೀಡಿ ಸೇದಗೊಡಕೂಡದು.

ನೋಡತಕ್ಕ ಸ್ಥಳಗಳು ಇವು: ಗೇರ್ ರಾಡು ಕೂತಿರುವ ಮೇಲ್ಮುಚ್ಚಳದ ಪ್ಯಾಕಿಂಗ್, ತುಂಬುವ ಮತ್ತು ಬಸಿಯುವ ಬಿರಡೆಗಳು, ಹಿಂದಕ್ಕೆ ಹೋಗುವ ಷಾಫ್ಟಿನ ಸೀಲು, ಕ್ಲಚ್ಚಿನ ಕಡೆಯ ಮುಂದಿನ ಸೀಲು. ಮುಂದಿನ ಸೀಲು ಹರಿದಿದ್ದರೆ ಎಣ್ಣೆಯು ಕ್ಲಚ್ ಪ್ಲೇಟಿಗೆ ತಗುಲಿ ಲಾರಿಯು ಏರಿನಲ್ಲಿ ಎಳೆಯಲಾರದೆ ಜಾರುವುದು. ಕ್ಲಚ್ ಹೌಸಿಂಗಿನ ಕೆಳಗೆ ಎಣ್ಣೆ ಕಂಡರೆ ಅದು ಇಂಜಿನ್ನಿನದೂ ಆಗಿರಬಹುದು. ಓಡಿದ ಡೀಸೆಲ್ ಇಂಜಿನ್ನಿನ ಎಣ್ಣೆ ಕಪ್ಪು. ಗೇರ್ ಎಣ್ಣೆಯು ಜೇನಿನ ಬಣ್ಣದಿಂದ ಕಂದು ಬಣ್ಣದವರೆಗೆ ಇದ್ದು ಮೂಗಿಗೆ ಕೂಡಲೇ ತಿಳಿಯುವುದು.

4. ಹೊಗೆಕೊಳವೆ: ಸೋರಿದ ಎಣ್ಣೆಯ ಹನಿ ಕಾದ ಹೊಗೆಕೊಳವೆಯ ಮೇಲೆ ಬೀಳುತ್ತಿದೆಯೇ ಎಂಬುದನ್ನು ವಿಶೇಷವಾಗಿ ನೋಡತಕ್ಕದ್ದು. ಹಾಗೆ ಬೀಳುತ್ತಿದ್ದರೆ ನಾಲ್ಕು ಹನಿಗೂ ಕ್ಯಾಬಿನ್ನು ತುಂಬ ನಾತವಾಗುವುದು. ಒಣಗಿದ ಶೇಂಗಾ ಬಳ್ಳಿಯನ್ನು ಹೇರಿದ ಲಾರಿಯಲ್ಲಿ ಇದು ಬೆಂಕಿಯ ಅಪಾಯವೂ ಹೌದು.

ಕಾಣದ ಅಪಾಯ

ನೆಲದಡಿಯ ಗಾಳಿಯು ಒಳಗೆ ಬರುವ ಎರಡನೆಯ ದಾರಿಯನ್ನು ಈಗ ವಿಚಾರಿಸೋಣ. ಗೇರ್ ರಾಡಿನ ಬುಡದಲ್ಲಿ ಮೇಸ್ತ್ರಿಗಳು ಬೂಟು ಎನ್ನುವ ರಬ್ಬರಿನ ಕವಚವಿರುವುದು. ಬೇಸಗೆಯಲ್ಲಿ 40 ಡಿಗ್ರಿಯ ಆಸುಪಾಸಿಗೆ ಏರುವ ಇಲ್ಲಿಯ ಸೆಕೆಗೂ ಕೆಳಗಿನ ಯಂತ್ರದ ಕಾವಿಗೂ ಸಿಕ್ಕಿ ಅದು ಬಿರಿಯುವುದು. ಪೆಡಲುಗಳ ಸಂದಿ, ತಂತಿಗಳು ಹಾಯುವ ತೂತು, ತುಕ್ಕು ತಿಂದ ತಗಡು ಇವೂ ದಾರಿಗಳೇ. ಮುಸ್ಸಂಜೆಯಲ್ಲಿ ಇಂಜಿನ್ನನ್ನು ಆರಿಸಿ, ಒಬ್ಬನು ಕ್ಯಾಬಿನ್ನಿನಲ್ಲಿ ಕುಳಿತು, ಇನ್ನೊಬ್ಬನು ಅಡಿಯಿಂದ ಬ್ಯಾಟರಿ ದೀಪವನ್ನು ಹಿಡಿದರೆ ಬೆಳಕು ತೂರಿದೆಡೆಯೆಲ್ಲ ಸಂದಿಯಿದೆಯೆಂದು ತಿಳಿಯುವುದು.

ಇದು ಮೂಗಿನ ಸೌಖ್ಯದ ಮಾತು ಮಾತ್ರವಲ್ಲ. ಗೇರ್ ಎಣ್ಣೆಯ ವಾಸನೆಗೆ ದಾರಿ ಕೊಟ್ಟ ಸಂದಿಯು ಸೋರುವ ಹೊಗೆಕೊಳವೆಯ ಅನಿಲಕ್ಕೂ ದಾರಿ ಕೊಡುವುದು. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಅದು ರಕ್ತದಲ್ಲಿ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಕೂಡಿಕೊಂಡು ದೇಹಕ್ಕೆ ಉಸಿರು ಮುಟ್ಟದಂತೆ ಮಾಡುವುದು. ಡೀಸೆಲ್ ಇಂಜಿನ್ನಿನಲ್ಲಿ ಇದರ ಪ್ರಮಾಣವು ಪೆಟ್ರೋಲಿನದಕ್ಕಿಂತ ಕಡಿಮೆಯಾದರೂ ಮುಚ್ಚಿದ ಕ್ಯಾಬಿನ್ನಿನಲ್ಲಿ ಅದನ್ನು ಅಲಕ್ಷಿಸಲಾಗದು. ತಲೆಭಾರ, ತಲೆನೋವು, ಓಕರಿಕೆ, ತೂಕಡಿಕೆ ಇದರ ಲಕ್ಷಣಗಳು. ಚಳ್ಳಕೆರೆಯಿಂದ ಹಾನಗಲ್, ರಾಂಪುರಗಳ ಮೇಲೆ ಬಳ್ಳಾರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಯಂಥ ರಸ್ತೆಯಲ್ಲಿ ಡ್ರೈವರಿಗೆ ಬರುವ ಒಂದು ಕ್ಷಣದ ತೂಕಡಿಕೆಯ ಫಲವೇನೆಂದು ಬರೆಯಬೇಕಾಗಿಲ್ಲ. ಸುಗ್ಗಿಯಲ್ಲಿ ಮಾರುಕಟ್ಟೆಯ ಪ್ರಾಂಗಣದಲ್ಲಿ ಸರದಿಗಾಗಿ ರಾತ್ರಿಯೆಲ್ಲ ಕಾಯುವ ಡ್ರೈವರುಗಳೂ ಹಮಾಲರೂ ಕಿಟಕಿ ಮುಚ್ಚಿ, ಇಂಜಿನ್ನನ್ನು ಓಡಗೊಟ್ಟು ಮಲಗಕೂಡದೆಂದು ಯಜಮಾನರು ಕಟ್ಟುನಿಟ್ಟಾಗಿ ಹೇಳಬೇಕು. ಯಾರಿಗಾದರೂ ಮೇಲಿನ ಲಕ್ಷಣಗಳು ಕಂಡರೆ ಕೂಡಲೇ ಬಯಲಿನ ಗಾಳಿಗೆ ಸಾಗಿಸಿ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ದುರಸ್ತಿಯ ವಿಧಾನ

ಕಡಿಮೆ ಖರ್ಚಿನದರಿಂದ ಹೆಚ್ಚು ಖರ್ಚಿನದಕ್ಕೆ ಹೋಗುವುದೇ ವಿವೇಕ. ಉಸಿರುಕೊಳವೆಯ ಶುದ್ಧಿ, ಎಣ್ಣೆಯ ಮಟ್ಟ, ಬಿರಡೆಗಳ ವಾಷರು, ಮೇಲ್ಮುಚ್ಚಳದ ಪ್ಯಾಕಿಂಗ್, ಹಿಂದಿನ ಸೀಲು, ಕೊನೆಗೆ ಮುಂದಿನ ಸೀಲು ಎಂಬುದೇ ಕ್ರಮ. ಮುಂದಿನ ಸೀಲಿಗೆ ಗೇರ್ ಬಾಕ್ಸನ್ನು ಇಳಿಸಬೇಕಾಗುವುದರಿಂದ, ಇಳಿಸಿದಾಗಲೇ ಕ್ಲಚ್ ಪ್ಲೇಟನ್ನೂ ಪರೀಕ್ಷಿಸತಕ್ಕದ್ದು. ಹಿಂದಿನ ಸೀಲನ್ನು ಹಾಕುವ ಮುಂಚೆ ಷಾಫ್ಟನ್ನು ಕೈಯಿಂದ ಅಲುಗಿಸಿ ನೋಡಬೇಕು. ಬೇರಿಂಗು ಸವೆದು ಷಾಫ್ಟು ಕುಣಿಯುತ್ತಿದ್ದರೆ ಹೊಸ ಸೀಲೂ ಬೇಗನೆ ಹರಿಯುವುದು.

ಎಣ್ಣೆಯನ್ನು ತಯಾರಕರ ಪುಸ್ತಕದಲ್ಲಿ ಹೇಳಿದ ದರ್ಜೆಯದನ್ನೇ ಹಾಕಿಸಿರಿ. ಜಿಎಲ್-5 ದರ್ಜೆಯ ಎಣ್ಣೆಯಲ್ಲಿ ಜಿಎಲ್-4 ಕ್ಕಿಂತ ಗಂಧಕದ ಅಂಶ ಹೆಚ್ಚು. ಅದು ಹಿಂದಿನ ಅಚ್ಚಿನ ಚಕ್ರಗಳಿಗೆ ಒಪ್ಪಿದರೂ, ಗೇರ್ ಬಾಕ್ಸಿನೊಳಗಿನ ಹಿತ್ತಾಳೆಯ ಬಳೆಗಳನ್ನು ಕೆಡಿಸಬಹುದು. ದುಬಾರಿಯಾದುದೇ ಉತ್ತಮವೆಂಬ ಎಣಿಕೆಯೂ, ವಾಸನೆ ಇಲ್ಲವೆಂದು ಬೇರೆ ಎಣ್ಣೆ ತುಂಬಿಸುವುದೂ ಎರಡೂ ತಪ್ಪು.

ಸೋರಿಕೆ ನಿಂತ ಮೇಲೆ ರಬ್ಬರಿನ ಬೂಟನ್ನು ಹೊಸದಾಗಿ ಹಾಕಿಸಿ ಉಳಿದ ಸಂದಿಗಳನ್ನು ಮುಚ್ಚಿಸಿರಿ. ಕ್ಯಾಬಿನ್ನಿನ ನೆಲಹಾಸಿನ ಅಡಿಯಲ್ಲಿರುವ ಮೆತ್ತೆಯು ಎಣ್ಣೆ ಕುಡಿದಿದ್ದರೆ ಅದನ್ನು ತೆಗೆದುಹಾಕಿ, ತಗಡನ್ನು ಸೋಪಿನ ಬಿಸಿನೀರಿನಿಂದ ತೊಳೆಸಿರಿ. ಇಲ್ಲವಾದರೆ ದುರಸ್ತಿಯಾದ ಮೇಲೂ ವಾಸನೆ ಉಳಿದು, ಮೇಸ್ತ್ರಿಯ ಕೆಲಸವನ್ನು ವೃಥಾ ಶಂಕಿಸುವಂತಾಗುವುದು. ಅಂಥ ಕ್ಯಾಬಿನ್ನಿನಲ್ಲಿ ಶೇಂಗಾ ಬೀಜದ ಚೀಲವನ್ನಿಡಬಾರದು. ಎಣ್ಣೆಯಂಶವುಳ್ಳ ಕಾಳು ಸುತ್ತಲಿನ ನಾತವನ್ನು ಬೇಗ ಹೀರುವುದು.

ಬಸಿದ ಹಳೆಯ ಎಣ್ಣೆಯನ್ನು ಹೊಲದ ಬದುವಿಗಾಗಲಿ ಬಾವಿಯ ಹತ್ತಿರಕ್ಕಾಗಲಿ ಚೆಲ್ಲಕೂಡದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅದು ಅಪಾಯಕಾರಿ ವಸ್ತು. ಮುಚ್ಚಳವಿರುವ ಡಬ್ಬದಲ್ಲಿ ಕೂಡಿಟ್ಟು ಅನುಮತಿ ಪಡೆದ ಸಂಗ್ರಹಕಾರರಿಗೆ ಒಪ್ಪಿಸಬೇಕು. ನೆಲಕ್ಕೆ ಬಿದ್ದುದನ್ನು ಒಣಮಣ್ಣಿನಿಂದಲೋ ಮರದ ಹೊಟ್ಟಿನಿಂದಲೋ ಹೀರಿಸಿ ತೆಗೆಯಬೇಕು.

ಮುಖಂಡರಿಗೆ ಬಿನ್ನಹ

ಮುಂಗಾರಿನ ಶೇಂಗಾ ಅಕ್ಟೋಬರು, ನವೆಂಬರು ತಿಂಗಳುಗಳಲ್ಲಿ ಹೊರಬರುವುದು. ಸರಿಯಾಗಿ ಒಣಗದ ಕಾಯನ್ನು ಟಾರ್ಪಾಲು ಮುಚ್ಚಿ ಹೇರಿದ ಲಾರಿಯು ಕೆಟ್ಟು ದಾರಿಯಲ್ಲಿ ಎರಡು ಮೂರು ದಿನ ನಿಂತರೆ, ಒಳಗಿನ ಕಾವಿಗೂ ತೇವಕ್ಕೂ ಬೂಷ್ಟು ಹತ್ತಿ ಅಫ್ಲಟಾಕ್ಸಿನ್ ಎಂಬ ವಿಷವುಂಟಾಗುವ ಸಂಭವವಿದೆ. ಆಗ ಹಾಳಾಗುವುದು ಲಾರಿಯ ಯಜಮಾನನ ಸೊತ್ತು ಮಾತ್ರವಲ್ಲ. ಅದರಲ್ಲಿ ಚೀಲ ಹೇರಿದ ಹತ್ತು ಮನೆಗಳ ಫಸಲು. ಆದ್ದರಿಂದ ಲಾರಿಯುಳ್ಳವರು ಸೆಪ್ಟೆಂಬರು ತಿಂಗಳೊಳಗಾಗಿ ಮೇಲೆ ಹೇಳಿದ ಪರೀಕ್ಷೆಗಳನ್ನು ಒಂದು ಸಲ ಮಾಡಿಸತಕ್ಕದ್ದು. ಉಳಿದ ದಿನಗಳಲ್ಲಿ, ಲಾರಿ ರಾತ್ರಿ ನಿಂತ ಜಾಗದಲ್ಲಿ ಬೆಳಿಗ್ಗೆ ಎಣ್ಣೆಯ ಕಲೆ ಇದೆಯೇ ಎಂದು ನೋಡುವ ಅಭ್ಯಾಸವನ್ನು ಮನೆಯ ಹುಡುಗರಿಗಾದರೂ ಕಲಿಸಬೇಕು. ವಾಸನೆ ಬರುತ್ತಿದೆಯೆಂದು ಡ್ರೈವರು ಬಂದು ಹೇಳಿದಾಗ ಅವನನ್ನು ಗದರಿಸಿ ಕಳುಹಿಸದೆ ಅವನೊಡನೆ ಲಾರಿಯ ಬಳಿಗೆ ಹೋಗಿ ಬಗ್ಗಿ ನೋಡುವುದು ಯಜಮಾನನಿಗೆ ಲಾಭವೂ ಹೌದು, ಧರ್ಮವೂ ಹೌದು.