ಮಕ್ಕಳ ಫೋಟೋ ತೆಗೆಯುವುದು ಮಕ್ಕಳಾಟವಲ್ಲ!

“ಅಳಬೇಡ ಪುಟ್ಟಾ, ಇಲ್ಲಿ ನೋಡು, ಗುಬ್ಬಚ್ಚಿ ಬರುತ್ತೆ!” ಎಂದು ಸ್ಟುಡಿಯೋದವರು ಕರಿಬಟ್ಟೆಯೊಳಗಿಂದ ಕೂಗುತ್ತಿದ್ದ ಕಾಲವೊಂದಿತ್ತು. ಗುಬ್ಬಚ್ಚಿಯಂತೂ ಬರುತ್ತಿರಲಿಲ್ಲ. ಕಣ್ಣಿಗೆ ದಪ್ಪ ಕಾಡಿಗೆ, ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟುಕೊಂಡು ಬೆದರಿ ಕುಳಿತ ಮಗುವಿನ ಒಂದೇ ಒಂದು ಚಿತ್ರ ಮಾತ್ರ ಮನೆಯ ಗೋಡೆಗೆ ಬರುತ್ತಿತ್ತು. ಎಷ್ಟೋ ಜನರ ಬಾಲ್ಯಕ್ಕೆ ಅದೊಂದೇ ಸಾಕ್ಷಿ.

ಈಗ ಕಾಲ ಬದಲಾಗಿದೆ. ಮಗು ಸ್ಟುಡಿಯೋಗೆ ಹೋಗುವ ಬದಲು ಫೋಟೋಗ್ರಾಫರೇ ಮನೆಗೆ ಬರುತ್ತಾರೆ. ಅಜ್ಜಿ ಕಾಲು ಚಾಚಿ ಕೂಸಿಗೆ ಎಣ್ಣೆ ಹಚ್ಚಿ ನೀರೆರೆಯುವುದು, ಅಕ್ಕ ತೊಟ್ಟಿಲೊಳಗೆ ಇಣುಕುವುದು, ಅಪ್ಪ ಮಗಳಿಗೆ ಸೊಟ್ಟ ಬೈತಲೆ ತೆಗೆಯುವುದು, ಎಲ್ಲವನ್ನೂ ಇದ್ದದ್ದು ಇದ್ದಂತೆಯೇ ಹಿಡಿಯುತ್ತಾರೆ. ಇದಕ್ಕೆ ‘ಲೈಫ್‌ಸ್ಟೈಲ್ ಫೋಟೋಗ್ರಫಿ’ ಎಂದು ಹೆಸರು. ಮಕ್ಕಳೊಡನೆ ಪಳಗಿದ ಹೆಂಗಸರಿಗೆ ಇದು ಚೆನ್ನಾಗಿ ಒಗ್ಗುವ ಉದ್ಯೋಗ. “ನಾವೂ ಮಾಡಬಹುದೇನ್ರೀ?” ಎಂದರೆ, ಧಾರಾಳವಾಗಿ ಮಾಡಬಹುದು. ಆದರೆ ಇದರ ನಿಜವಾದ ಬಂಡವಾಳ ಕ್ಯಾಮರಾ ಅಲ್ಲ. ಒಂದು ಮನೆಯವರು ತಮ್ಮ ಕೂಸನ್ನು ನಿಮ್ಮ ಮುಂದೆ ಮಲಗಿಸುತ್ತಾರಲ್ಲ, ಆ ವಿಶ್ವಾಸವೇ ಬಂಡವಾಳ.

ಕೋಳಿಗೂಡಿನಲ್ಲಿ ಸ್ಟುಡಿಯೋ

ವಯಸ್ಸಾಯಿತು, ಇನ್ನೇನು ಕಲಿಯುವುದು ಎನ್ನುವವರು ಜೂಲಿಯಾ ಮಾರ್ಗರೆಟ್ ಕ್ಯಾಮರನ್ ಅವರ ಕಥೆ ಕೇಳಬೇಕು. ಆಕೆ ಹುಟ್ಟಿದ್ದು 1815ರಲ್ಲಿ, ನಮ್ಮ ಕಲ್ಕತ್ತೆಯಲ್ಲಿ. ಇಂಗ್ಲೆಂಡಿನಲ್ಲಿ ನೆಲೆಸಿದ್ದಾಗ, 1863ರಲ್ಲಿ ಮಗಳು ಅಳಿಯ ಸೇರಿ ಒಂದು ಕ್ಯಾಮರಾ ಉಡುಗೊರೆ ಕೊಟ್ಟರು. ಆಗ ಆಕೆಗೆ 48 ವರ್ಷ! ಇದ್ದಿಲು ಕೋಣೆಯನ್ನೇ ಡಾರ್ಕ್ ರೂಮ್ ಮಾಡಿ, ಗಾಜಿನ ಕೋಳಿಗೂಡನ್ನೇ ಸ್ಟುಡಿಯೋ ಮಾಡಿಕೊಂಡರು. ‘ನನ್ನ ಮೊದಲ ಗೆಲುವು’ ಎಂದು ಆಕೆ ಕರೆದುಕೊಂಡದ್ದು 1864ರಲ್ಲಿ ತೆಗೆದ ಒಬ್ಬ ಪುಟ್ಟ ಹುಡುಗಿಯ ಚಿತ್ರವನ್ನು. ಅಮೆರಿಕದ ಗರ್ಟ್ರೂಡ್ ಕೇಸ್‌ಬಿಯರ್ ಮೂರು ಮಕ್ಕಳ ತಾಯಿಯಾದ ಮೇಲೆ, 37ನೆಯ ವಯಸ್ಸಿನಲ್ಲಿ ಕಲಾಶಾಲೆ ಸೇರಿದರು. ಮುಂದೆ ನ್ಯೂಯಾರ್ಕಿನಲ್ಲಿ ಸ್ಟುಡಿಯೋ ತೆರೆದು ತಾಯಿ-ಮಕ್ಕಳ ಚಿತ್ರಗಳಿಗೆ ಹೆಸರಾದರು.

ಏನೇನು ಬೇಕು?

ಮೊದಲಿಗೇ ಲಕ್ಷಗಟ್ಟಲೆ ಸುರಿಯಬೇಡಿ. ಒಂದು ಸಾಧಾರಣ ಡಿಜಿಟಲ್ ಕ್ಯಾಮರಾ, 35 ಅಥವಾ 50 ಮಿ.ಮೀ. ಲೆನ್ಸ್, ಎರಡು ಬ್ಯಾಟರಿ, ಎರಡು ಮೆಮೊರಿ ಕಾರ್ಡ್, ಚಿತ್ರ ತಿದ್ದಲು ಒಂದು ಕಂಪ್ಯೂಟರ್ ಇದ್ದರೆ ಶುರು ಮಾಡಬಹುದು. ಕಿಟಕಿಯ ಬೆಳಕಿಗಿಂತ ಒಳ್ಳೆಯ ದೀಪವಿಲ್ಲ. ಬಿಸಿಲು ನೇರ ಬೀಳುತ್ತಿದ್ದರೆ ತೆಳ್ಳನೆಯ ಬಿಳಿ ಪಂಚೆ ಇಳಿಬಿಟ್ಟರೆ ಸಾಕು. ಟ್ಯೂಬ್‌ಲೈಟ್ ಆರಿಸಿ, ಎರಡು ಬಗೆಯ ಬೆಳಕು ಬೆರೆತರೆ ಮುಖದ ಬಣ್ಣ ಕೆಡುತ್ತದೆ.

ಆಡುವ ಮಗುವಿಗೆ ಶಟರ್ ವೇಗ ಸೆಕೆಂಡಿನ 1/250 ಭಾಗಕ್ಕಿಂತ ಕಡಿಮೆ ಬೇಡ. ಓಡುವ ಪೋರನಿಗೆ 1/500 ಇರಲಿ. ಒಬ್ಬರೇ ಇದ್ದರೆ ಅಪರ್ಚರ್ ಎಫ್/2.8 ಸರಿ, ಅಜ್ಜಿ ತಾತ ಎಲ್ಲರೂ ಸೇರಿದರೆ ಎಫ್/5.6ಕ್ಕೆ ಬನ್ನಿ, ಇಲ್ಲದಿದ್ದರೆ ಹಿಂದೆ ನಿಂತವರು ಮಸುಕಾಗುತ್ತಾರೆ. ಇನ್ನು ನೆಲದ ಮೇಲೆ ಕೂರಲು ನಾಚಿಕೆ ಬೇಡ. ನಿಂತು ತೆಗೆದರೆ ಮಗುವಿನ ನೆತ್ತಿ ಬರುತ್ತದೆ, ಕೂತು ತೆಗೆದರೆ ಕಣ್ಣು ಬರುತ್ತದೆ.

ಕೂಸಿನ ವೇಳೆಯೇ ನಮ್ಮ ವೇಳೆ

ಮುಹೂರ್ತ ನಿಮ್ಮದಲ್ಲ, ಮಗುವಿನದು. ನಿದ್ದೆಯಾಗಿ, ಹೊಟ್ಟೆ ತುಂಬಿದ ಮೇಲಿನ ಸಮಯ ಕೇಳಿಕೊಂಡೇ ಹೋಗಿ. ಹೋದ ಕೂಡಲೆ ಕ್ಯಾಮರಾ ಹೊರಗೆ ತೆಗೆಯಬೇಡಿ. ಹತ್ತು ನಿಮಿಷ ಮಾತಾಡಿ, ಅದರ ಗೊಂಬೆಯ ಹೆಸರು ಕೇಳಿ. “ನಗು, ನಗು” ಎಂದು ಬಲವಂತ ಮಾಡಿದರೆ ಹಲ್ಲು ಕಾಣುತ್ತದೆಯೇ ಹೊರತು ನಗು ಕಾಣುವುದಿಲ್ಲ. “ಅಮ್ಮನ ಕಿವೀಲಿ ಒಂದು ಗುಟ್ಟು ಹೇಳು ನೋಡೋಣ” ಎನ್ನಿ. ಆಗ ನೋಡಿ ಇಬ್ಬರ ಮುಖವನ್ನೂ! ಮಗು ರಚ್ಚೆ ಹಿಡಿದರೆ ನಿಲ್ಲಿಸಿ. ಅಳುವೂ ಬಾಲ್ಯವೇ, ಅದರದೂ ಒಂದು ಚಿತ್ರ ಇರಲಿ.

ಎಳೆಗೂಸಿನ ವಿಷಯದಲ್ಲಿ ಎಚ್ಚರ

ಹುಟ್ಟಿ ಹತ್ತು ಹನ್ನೆರಡು ದಿನದ ಕೂಸು ಎರಡು ಅಂಗೈ ಮೇಲೆ ಗಲ್ಲವಿಟ್ಟು ಕಪ್ಪೆಯಂತೆ ಕುಳಿತ ಚಿತ್ರವನ್ನು ನೀವೂ ನೋಡಿರಬಹುದು. ಗೊತ್ತಿರಲಿ, ಕೂಸು ಹಾಗೆ ತಾನಾಗಿ ಕೂತಿರುವುದಿಲ್ಲ. ಅದು ಎರಡು ಚಿತ್ರಗಳ ಜೋಡಣೆ. ಒಂದರಲ್ಲಿ ಸಹಾಯಕಿ ಕೂಸಿನ ತಲೆ ಹಿಡಿದಿರುತ್ತಾಳೆ, ಇನ್ನೊಂದರಲ್ಲಿ ಕೈ ಹಿಡಿದಿರುತ್ತಾಳೆ. ಆಮೇಲೆ ಕಂಪ್ಯೂಟರಿನಲ್ಲಿ ಹಿಡಿದ ಕೈಗಳನ್ನು ಅಳಿಸುತ್ತಾರೆ. ಇದು ತಿಳಿಯದೆ ಮನೆಯಲ್ಲಿ ಹಾಗೆ ಕೂರಿಸಲು ಹೋದರೆ ಕೂಸಿನ ಕುತ್ತಿಗೆಗೇ ಅಪಾಯ. ಎಳೆಗೂಸಿಗೆ ಕತ್ತು ನಿಂತಿರುವುದಿಲ್ಲ ಎಂಬುದು ಪ್ರತಿ ಬಾಣಂತಿಗೂ ಗೊತ್ತು.

ಆದ್ದರಿಂದ ಕೂಸು ಅಮ್ಮನ ಮಡಿಲಲ್ಲೋ ತೊಟ್ಟಿಲಲ್ಲೋ ಬೆನ್ನಿನ ಮೇಲೆ ಮಲಗಿರಲಿ. ಬುಟ್ಟಿ, ಮರದ ಕೊಂಬೆ ಮುಂತಾದ ಆಡಂಬರ ಬೇಡ. ಫ್ಯಾನ್ ಗಾಳಿ ನೇರ ಬಡಿಯದಿರಲಿ, ಕೋಣೆ ಬೆಚ್ಚಗಿರಲಿ. ಕೈ ತೊಳೆದೇ ಒಳಗೆ ಹೋಗಿ. ನಿಮಗೆ ನೆಗಡಿಯಾಗಿದ್ದರೆ ಆ ದಿನದ ಸಂಪಾದನೆ ಹೋದರೂ ಸರಿ, ಹೋಗಲೇಬೇಡಿ. ಹನ್ನೊಂದನೆಯ ದಿನ ಕಳೆಯಲಿ ಎಂದು ಮನೆಯ ಹಿರಿಯರು ಹೇಳಿದರೆ ವಾದಕ್ಕಿಳಿಯಬೇಡಿ. ನಾಲ್ಕು ದಿನ ಕಾದರೆ ಚಿತ್ರವೇನೂ ಕೆಡುವುದಿಲ್ಲ.

ಅಮ್ಮ ಎಲ್ಲಿ?

ಯಾರದೇ ಮನೆಯ ಆಲ್ಬಮ್ ತೆರೆದು ನೋಡಿ. ಮಕ್ಕಳಿರುತ್ತಾರೆ, ನೆಂಟರಿರುತ್ತಾರೆ, ಅಮ್ಮ ಮಾತ್ರ ಹೆಚ್ಚಾಗಿ ಕಾಣುವುದಿಲ್ಲ. ಒಂದೋ ಅವಳೇ ಫೋಟೋ ತೆಗೆಯುತ್ತಿರುತ್ತಾಳೆ, ಇಲ್ಲವೇ ಒಲೆಯ ಮುಂದಿರುತ್ತಾಳೆ. “ನಾನ್ಯಾಕಮ್ಮ, ದಪ್ಪ ಆಗಿದೀನಿ, ತಲೆ ಬಾಚಿಲ್ಲ, ಮಗೂದು ತೆಗೀರಿ” ಎನ್ನುತ್ತಾಳೆ. ಅವಳನ್ನು ಹೇಗಾದರೂ ಚೌಕಟ್ಟಿನೊಳಗೆ ತನ್ನಿ. ಇಪ್ಪತ್ತು ವರ್ಷದ ನಂತರ ಆ ಮಗು ಹುಡುಕುವುದು ತನ್ನ ಮುಖವನ್ನಲ್ಲ, ಅಮ್ಮನ ಮುಖವನ್ನು.

ಒಪ್ಪಿಗೆ ಕಾಗದದಲ್ಲಿರಲಿ

1936ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡೊರೊಥಿಯಾ ಲ್ಯಾಂಗ್ ಒಬ್ಬ ಬಡ ಕೂಲಿ ತಾಯಿಯನ್ನು ಮಕ್ಕಳೊಡನೆ ಚಿತ್ರಿಸಿದರು. ‘ವಲಸೆ ತಾಯಿ’ ಎಂದು ಆ ಚಿತ್ರ ಜಗತ್ತಿಗೆಲ್ಲ ಹರಡಿತು. ಆಗ ಲ್ಯಾಂಗ್ ಆ ತಾಯಿಯ ಹೆಸರನ್ನೇ ಕೇಳಿರಲಿಲ್ಲ. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ತಿಳಿದದ್ದು 1978ರಲ್ಲಿ. ಅದರಿಂದ ತನಗೆ ಬಿಡಿಗಾಸೂ ಬರಲಿಲ್ಲವೆಂಬ ನೋವು ಆಕೆಗಿತ್ತು. ಒಳ್ಳೆಯ ಚಿತ್ರವೂ ಹೀಗೆ ನೋಯಿಸಬಲ್ಲದು.

ಈಗಂತೂ ಮೊಬೈಲಿಗೆ ಬಿದ್ದ ಚಿತ್ರ ಊರು ಸುತ್ತಿ ಬರುತ್ತದೆ. ನಿಮ್ಮ ಕೆಲಸದ ಪ್ರಚಾರಕ್ಕೆಂದು ಯಾವ ಮಗುವಿನ ಚಿತ್ರವನ್ನೂ ತಂದೆತಾಯಿಯ ಲಿಖಿತ ಒಪ್ಪಿಗೆಯಿಲ್ಲದೆ ಹಾಕಬೇಡಿ. ಸ್ನಾನದ ಚಿತ್ರ, ಶಾಲೆಯ ಹೆಸರಿರುವ ಸಮವಸ್ತ್ರದ ಚಿತ್ರ ಅವರು ಒಪ್ಪಿದರೂ ಬೇಡ. ತಿಳಿವಳಿಕೆ ಬಂದ ಮಗುವಾದರೆ ಅದನ್ನೂ ಕೇಳಿ. ಬೇಡವೆಂದರೆ ಬೇಡ.

ಲೆಕ್ಕಾಚಾರ

“ಪಕ್ಕದ ಮನೆಯೋರು ತಾನೇ, ಎರಡು ಫೋಟೋ ತೆಗೆದುಬಿಡಮ್ಮ” ಎನ್ನುವವರು ಇದ್ದೇ ಇರುತ್ತಾರೆ. ಒಂದೂವರೆ ಗಂಟೆ ತೆಗೆದ ಚಿತ್ರಗಳನ್ನು ಆರಿಸಿ ತಿದ್ದಲು ಅದರ ಮೂರು ನಾಲ್ಕು ಪಟ್ಟು ಹೊತ್ತು ಬೇಕು. ಆ ಹೊತ್ತು, ಆಟೋ ಖರ್ಚು, ಕ್ಯಾಮರಾ ಸವೆತ ಎಲ್ಲ ಸೇರಿಸಿ ದರ ಗೊತ್ತುಮಾಡಿ, ಮುಂಗಡ ಪಡೆಯಿರಿ. ಎಷ್ಟು ಚಿತ್ರ, ಎಂದು ಕೊಡುತ್ತೀರಿ ಎಂಬುದನ್ನು ಬರೆದುಕೊಡಿ. ಸಾಲ ಬೇಕಿದ್ದರೆ, 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ 50,000 ರೂಪಾಯಿವರೆಗೆ ಸಿಗುವ ಅವಕಾಶವಿದೆ, ಬ್ಯಾಂಕಿನಲ್ಲಿ ವಿಚಾರಿಸಿ.

ಚಿತ್ರಗಳನ್ನು ಎರಡು ಕಡೆ ಜೋಪಾನವಾಗಿಡಿ. ಕೊಡುವಾಗ ಹತ್ತನ್ನಾದರೂ ಕಾಗದದ ಮೇಲೆ ಅಚ್ಚು ಹಾಕಿಸಿ ಕೊಡಿ. ಮೊಬೈಲು ನೀರಿಗೆ ಬಿದ್ದರೆ ಸಾವಿರ ಚಿತ್ರವೂ ಹೋಯಿತು. ಅಚ್ಚು ಹಾಕಿಸಿದ ಚಿತ್ರ ಬೀರುವಿನಲ್ಲಿ ಸೀರೆಗಳ ನಡುವೆಯಾದರೂ ಉಳಿದಿರುತ್ತದೆ.

ಪರರ ಕೂಸಿಗೆ ಮೊದಲು ಹೋಗಬೇಡಿ. ಈ ವಾರ ನಿಮ್ಮ ಮನೆಯ ಕಿಟಕಿಯ ಬಳಿಯೇ, ಮಕ್ಕಳು ತಿಂಡಿ ತಿನ್ನುವ ಹೊತ್ತಿನಲ್ಲಿ, ಕೈಯಲ್ಲಿರುವ ಮೊಬೈಲಿನಿಂದಲೇ ಅಭ್ಯಾಸ ಶುರು ಮಾಡಿ. ಮೊದಲ ದಿನವೇ ಒಳ್ಳೆಯ ಚಿತ್ರ ಬರದಿರಬಹುದು. ತಾಳ್ಮೆ ನಮಗೆ ಹೊಸದೇನಲ್ಲ ಬಿಡಿ!