ಬೆಳಗಾವಿ–ಕಣಕುಂಬಿ ಸೀಮೆಯ ಆಹಾರ ಮತ್ತು ಆಹಾರ ಪ್ರವಾಸ

ಬೆಳಗಾವಿ–ಕಣಕುಂಬಿ ಸೀಮೆಯ ಆಹಾರ ಎಂದರೆ ಕರ್ನಾಟಕದ ವಾಯವ್ಯ ಭಾಗದಲ್ಲಿ, ಬೆಳಗಾವಿ ನಗರದಿಂದ ಖಾನಾಪುರ ತಾಲೂಕಿನ ಜಾಂಬೋಟಿ ಹಾಗೂ ಕಣಕುಂಬಿಯ ಮೂಲಕ ಗೋವಾ ಗಡಿಯವರೆಗೆ ರೂಢಿಯಲ್ಲಿರುವ ಅಡುಗೆಯ ಪರಂಪರೆ. ಕನ್ನಡ, ಮರಾಠಿ ಮತ್ತು ಕೊಂಕಣಿ ಭಾಷಿಕರ ಅಡುಗೆಮನೆಗಳು ಇಲ್ಲಿ ಒಂದರ ಪಕ್ಕದಲ್ಲೊಂದು ಬೆಳೆದಿವೆ. ಬಯಲುಸೀಮೆಯ ಜೋಳದ ರೊಟ್ಟಿ, ಮಲೆನಾಡಿನ ಅನ್ನ ಮತ್ತು ಕಾಡಿನ ಸೊಪ್ಪು, ಕರಾವಳಿಯ ಮುರುಗಲು ಹಾಗೂ ಒಣಮೀನು, ಇವು ಮೂರೂ ಒಂದೇ ದಿನದ ಪಯಣದೊಳಗೆ ಸಿಗುತ್ತವೆ. ಈ ಕಾರಣದಿಂದ, ಮಾರ್ಗದರ್ಶಕರೊಬ್ಬರೊಡನೆ ಸಣ್ಣ ಗುಂಪಾಗಿ ಊರೂರು ಸುತ್ತಿ ಉಣ್ಣುವ ಆಹಾರ ಪ್ರವಾಸಕ್ಕೆ ಈ ಮಾರ್ಗವು ಬಹಳ ಹೊಂದುತ್ತದೆ.

ಭೌಗೋಳಿಕ ಹಿನ್ನೆಲೆ

ಕಣಕುಂಬಿಯು ಬೆಳಗಾವಿಯಿಂದ ಸುಮಾರು 40 ಕಿ.ಮೀ. ದೂರದಲ್ಲಿ, ಜಾಂಬೋಟಿಯಿಂದ 16 ಕಿ.ಮೀ. ಪಶ್ಚಿಮಕ್ಕೆ, ಪಶ್ಚಿಮ ಘಟ್ಟಗಳ ನೆತ್ತಿಯಲ್ಲಿದೆ. ಸಮುದ್ರಮಟ್ಟದಿಂದ ಸುಮಾರು 790 ಮೀಟರ್ ಎತ್ತರದ ಈ ಗ್ರಾಮದಲ್ಲಿ ಮಲಪ್ರಭಾ ನದಿ ಹುಟ್ಟುತ್ತದೆ. ಉಗಮಸ್ಥಾನದ ಬಳಿ ಮಾವುಲಿ ದೇವಿಯ ಗುಡಿಯಿದೆ. ಅಲ್ಲಿಂದ ಪೂರ್ವಕ್ಕೆ ಹರಿಯುವ ನದಿಯು ಸುಮಾರು 300 ಕಿ.ಮೀ. ಸಾಗಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಗ್ರಾಮದ ಆಸುಪಾಸಿನಲ್ಲೇ ಹುಟ್ಟುವ ಕಳಸಾ ಹಳ್ಳವಾದರೋ ಮಹದಾಯಿಯ ಜಲಾನಯನಕ್ಕೆ ಸೇರಿ ಗೋವಾದ ಕಡೆಗೆ ಇಳಿಯುತ್ತದೆ. ಹೀಗೆ ನೀರು ಎರಡು ದಿಕ್ಕಿಗೆ ಒಡೆಯುವ ಈ ಏಣಿನ ಮೇಲೆ ಊಟವೂ ಎರಡು ದಿಕ್ಕಿನದು.

ಬೆಳಗಾವಿ ನಗರದಲ್ಲಿ ವರ್ಷಕ್ಕೆ ಸುಮಾರು 1,200ರಿಂದ 1,300 ಮಿ.ಮೀ. ಮಳೆಯಾದರೆ, ಕಣಕುಂಬಿಯಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಬೀಳುತ್ತದೆ. ನಗರದ ಪೂರ್ವಕ್ಕಿರುವ ಬೈಲಹೊಂಗಲ, ಸವದತ್ತಿ, ಗೋಕಾಕಗಳ ಕಡೆಗೆ ಮಳೆ ತೀರ ಕಡಿಮೆ. ಧಾನ್ಯದ ಗಡಿಯನ್ನು ಎಳೆದಿರುವುದು ಈ ಮಳೆಯೇ. ಪೂರ್ವದಲ್ಲಿ ಕಪ್ಪು ನೆಲದ ಜೋಳ, ನಡುವೆ ಭತ್ತ ಮತ್ತು ಗೆಣಸು, ಪಶ್ಚಿಮದ ಗುಡ್ಡದ ಇಳಿಜಾರಿನಲ್ಲಿ ರಾಗಿ ಬೆಳೆಯುತ್ತದೆ. ರಾಗಿಯನ್ನು ಇಲ್ಲಿ ನಾಚಣಿ ಎನ್ನುವರು. ದಕ್ಷಿಣ ಕರ್ನಾಟಕದ ಮುದ್ದೆ ಇಲ್ಲಿ ಅಪರೂಪ. ನಾಚಣಿಯು ಭಾಕರಿಯಾಗಿಯೋ ಅಂಬಲಿಯಾಗಿಯೋ ಎಲೆಗೆ ಬರುತ್ತದೆ.

ನಗರದ ತಿನಿಸುಗಳು

ಬೆಳಗಾವಿಗೆ ‘ಕುಂದಾನಗರಿ’ ಎಂಬ ಅಡ್ಡಹೆಸರಿದೆ. ಕುಂದಾ ಎಂಬುದು ಹಾಲನ್ನು ಅಗಲವಾದ ಬಾಣಲೆಯಲ್ಲಿ ಬಹಳ ಹೊತ್ತು ಕುದಿಸಿ, ಬತ್ತಿಸಿ, ಸಕ್ಕರೆ ಮತ್ತು ಏಲಕ್ಕಿ ಸೇರಿಸಿ ತಯಾರಿಸುವ ಕಂದುಬಣ್ಣದ, ಹರಳುಹರಳಾದ ಸಿಹಿ. ಹಾಲು ಗಟ್ಟಿಯಾಗುತ್ತ ಬಂದಾಗ ಸ್ವಲ್ಪ ಮೊಸರು ಬೆರೆಸಿದರೆ ಅದು ಒಡೆದು ಹರಳುಗಟ್ಟುತ್ತದೆ. ಸಕ್ಕರೆಯು ಕಾದು ಕಂದಿದಾಗ ಬಣ್ಣವೂ ಅದರ ವಿಶಿಷ್ಟ ಪರಿಮಳವೂ ಬರುತ್ತವೆ. ಸತತವಾಗಿ ಕೈಯಾಡಿಸದಿದ್ದರೆ ತಳ ಹಿಡಿಯುವುದರಿಂದ ಇದು ತಾಳ್ಮೆಯ ಕೆಲಸ. ರಾಜಸ್ಥಾನದಿಂದ ಬಂದು ನೆಲೆಸಿದ ಮಿಠಾಯಿಗಾರರೊಬ್ಬರು ಒಲೆಯ ಮೇಲಿಟ್ಟ ಹಾಲನ್ನು ಮರೆತುದರಿಂದ ಕುಂದಾ ಹುಟ್ಟಿತೆಂಬ ಕಥೆ ನಗರದಲ್ಲಿ ಪ್ರಚಲಿತವಾಗಿದೆ. ಜಗತ್ತಿನ ಅನೇಕ ಸಿಹಿಗಳಿಗೆ ಇಂತಹ ಆಕಸ್ಮಿಕದ ಕಥೆಗಳಿವೆ. ಅವಕ್ಕೆ ಲಿಖಿತ ಆಧಾರಕ್ಕಿಂತ ಬಾಯಿಮಾತಿನ ಬಲವೇ ಹೆಚ್ಚು.

ಕುಂದಾಕ್ಕಿಂತ ಬಹಳ ಹಳೆಯದು ಮಂಡಿಗೆ. ಮರಾಠಿಯಲ್ಲಿ ಇದನ್ನು ಮಾಂಡೆ ಎನ್ನುತ್ತಾರೆ. ಕಲ್ಯಾಣ ಚಾಲುಕ್ಯರ ಅರಸ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಆಹಾರ ಪ್ರಕರಣದಲ್ಲಿ ‘ಮಂಡಕ’ದ ಪ್ರಸ್ತಾಪವಿದೆ. ಸಂತ ಜ್ಞಾನೇಶ್ವರನ ಬೆನ್ನಿನ ಮೇಲೆ ತಂಗಿ ಮುಕ್ತಾಬಾಯಿಯು ಮಾಂಡೆ ಬೇಯಿಸಿದಳೆಂಬ ಐತಿಹ್ಯವು ಮರಾಠಿ ಭಾಷಿಕರಲ್ಲಿ ಮನೆಮಾತಾಗಿದೆ. ಕೈಗೂಡದ ಆಸೆಯನ್ನು ಕುರಿತು ಕನ್ನಡದಲ್ಲಿ ‘ಮನಸಿನಲ್ಲಿ ಮಂಡಿಗೆ ತಿನ್ನು’ ಎನ್ನುವ ನುಡಿಗಟ್ಟು ಹುಟ್ಟಿದ್ದು ಈ ತಿನಿಸಿನ ದುರ್ಲಭತೆಯಿಂದಲೇ ಇರಬೇಕು.

ಮಂಡಿಗೆಯ ತಯಾರಿಕೆಯಲ್ಲಿ ಕಣಕವೇ ಮುಖ್ಯ. ನಯವಾದ ಗೋಧಿ ಹಿಟ್ಟನ್ನು ಬಹಳ ಹೊತ್ತು ನಾದಿ, ನೆನೆಸಿ, ಎಳೆದರೂ ಹರಿಯದ ಹದಕ್ಕೆ ತರುತ್ತಾರೆ. ಲಟ್ಟಿಸಿದ ಹಾಳೆಯನ್ನು ಎರಡೂ ಕೈಗಳ ಮೇಲೆ ತಿರುಗಿಸುತ್ತ, ಅದರ ಭಾರದಿಂದಲೇ ಹಿಗ್ಗುವಂತೆ ಮಾಡಿ, ಆಚೆಬದಿ ಕಾಣುವಷ್ಟು ತೆಳ್ಳಗಾದಾಗ ಬೋರಲು ಹಾಕಿದ ಕಾದ ಪಾತ್ರೆಯ ಮೇಲೆ ಹೊದಿಸುತ್ತಾರೆ. ಬೇಯುತ್ತಿರುವಾಗಲೇ ಸಕ್ಕರೆ ಪುಡಿ, ಖೋವಾ, ತುಪ್ಪ, ಏಲಕ್ಕಿ ಹರಡಿ ಚೌಕಾಕಾರವಾಗಿ ಮಡಚುತ್ತಾರೆ. ಆರಿದ ಮೇಲೆ ಗರಿಗರಿಯಾಗುವ ಮಂಡಿಗೆ ಹಲವು ದಿನ ಕೆಡದೆ ಇರುತ್ತದೆ. ಈ ಭಾಗದ ಮದುವೆಗಳಲ್ಲಿ ಅದಕ್ಕೆ ವಿಶೇಷ ಸ್ಥಾನವಿದೆ. ಎರಡು ಕೈಗಳ ಈ ಕೌಶಲ ಪುಸ್ತಕದಿಂದ ಬರುವಂಥದಲ್ಲ, ಒಲೆಯ ಪಕ್ಕದಲ್ಲಿ ವರ್ಷಗಟ್ಟಲೆ ನಿಂತವರಿಗೇ ಒಲಿಯುತ್ತದೆ. ಆದುದರಿಂದ ಬೇಡಿಕೆ ಮದುವೆಯ ಕಾಲಕ್ಕಷ್ಟೇ ಸೀಮಿತವಾದರೆ ಕಲಿಯುವವರೂ ಕಡಿಮೆಯಾಗುತ್ತಾರೆ.

ನಗರದ ದಿನನಿತ್ಯದ ಊಟವನ್ನು ಅರಿಯಲು ಖಾನಾವಳಿಗಳೇ ತಕ್ಕ ಸ್ಥಳ. ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಮೊಳಕೆಕಾಳಿನ ಪಲ್ಯ, ಶೇಂಗಾ ಮತ್ತು ಗುರೆಳ್ಳಿನ ಚಟ್ನಿಪುಡಿ ಇಲ್ಲಿನ ತಾಟಿನಲ್ಲಿ ಸಾಮಾನ್ಯ. ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮುದಾಯದವರ ಸಾವಜಿ ಖಾನಾವಳಿಗಳು ಖಾರವಾದ ಮಾಂಸದ ಸಾರಿಗೆ ಪ್ರಸಿದ್ಧ. ಬೆಳಗಿನ ಹೊತ್ತು ಇಡ್ಲಿಯಷ್ಟೇ ಸಹಜವಾಗಿ ಮಿಸಳ್ ಮತ್ತು ಪಾವ್ ಮಾರಾಟವಾಗುತ್ತವೆ. ಖಡೇಬಜಾರ್, ಗಣಪತ ಗಲ್ಲಿ, ರವಿವಾರ ಪೇಟೆ, ದಂಡಿನ ಪ್ರದೇಶವಾದ ಕ್ಯಾಂಪ್, ಒಂದು ಕಾಲದಲ್ಲಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದ ಶಹಾಪುರ, ಹೀಗೆ ಒಂದೊಂದು ಭಾಗಕ್ಕೂ ಬೇರೆ ಬೇರೆ ಇತಿಹಾಸವಿದ್ದು, ನಡೆದೇ ನೋಡಬಹುದಾದಷ್ಟು ಹತ್ತಿರದಲ್ಲಿವೆ.

ಬೆಳಗಾವಿ ಬಾಸುಮತಿ ಮತ್ತು ಗೆಣಸು

ನಗರದ ದಕ್ಷಿಣಕ್ಕಿರುವ ಯಳ್ಳೂರು, ವಡಗಾವಿ, ಶಹಾಪುರ ಭಾಗದ ಗದ್ದೆಗಳಲ್ಲಿ ಬೆಳೆಯುವ ಸುವಾಸನೆಯ ಅಕ್ಕಿಯನ್ನು ‘ಬೆಳಗಾವಿ ಬಾಸುಮತಿ’ ಎನ್ನುತ್ತಾರೆ. ಅನ್ನ ಕುದಿಯುವಾಗ ಬೀದಿಗೆಲ್ಲ ವಾಸನೆ ಹರಡುತ್ತದೆಂಬುದು ಹಿರಿಯರ ಹೆಮ್ಮೆಯ ಮಾತು. ಈ ಅಕ್ಕಿಗೆ ಎರಡು ತೊಡಕುಗಳಿವೆ. 2016ರಲ್ಲಿ ಬಾಸುಮತಿಗೆ ದೊರೆತ ಭೌಗೋಳಿಕ ಸೂಚಕವು ಉತ್ತರ ಭಾರತದ ಹಿಮಾಲಯದ ಅಡಿಯ ಬಯಲಿಗೆ ಮಾತ್ರ ಅನ್ವಯಿಸುತ್ತದೆ. ಹೀಗಾಗಿ ದಕ್ಷಿಣದ ಈ ಅಕ್ಕಿ ತನ್ನ ರೂಢಿಯ ಹೆಸರಿನಲ್ಲಿ ದೊಡ್ಡ ಮಾರುಕಟ್ಟೆಗೆ ಹೋಗುವುದು ಕಷ್ಟ. ಎರಡನೆಯದು ಭೂಮಿ. ಬೆಳೆಯುತ್ತಿರುವ ನಗರ ಈ ಗದ್ದೆಗಳ ಅಂಚನ್ನು ಮುಟ್ಟಿದೆ. ಹಲಗಾ–ಮಚ್ಛೆ ಬೈಪಾಸ್ ರಸ್ತೆಗಾಗಿ ಫಲವತ್ತಾದ ಜಮೀನು ಸ್ವಾಧೀನಪಡಿಸಿಕೊಳ್ಳುವುದನ್ನು ಇಲ್ಲಿನ ರೈತರು ವಿರೋಧಿಸಿ ಹೋರಾಟ ನಡೆಸಿದ್ದಲ್ಲದೆ ನ್ಯಾಯಾಲಯಕ್ಕೂ ಹೋದರು. ಆಹಾರ ಪರಂಪರೆಯ ಮಾತು ಬಂದಾಗ ಪಾಕವಿಧಾನಗಳ ಕಡೆಗೆ ಗಮನ ಹೋಗುವುದೇ ಹೆಚ್ಚು. ಗದ್ದೆಯೇ ಇಲ್ಲವಾದರೆ ಪಾಕವಿಧಾನದಿಂದ ಪ್ರಯೋಜನ ಅಷ್ಟಕ್ಕಷ್ಟೇ.

ಬೆಳಗಾವಿ ಮತ್ತು ಖಾನಾಪುರ ತಾಲೂಕುಗಳ ಕೆಂಪು ಮಣ್ಣಿನ ಗೆಣಸು ದೂರದ ಪೇಟೆಗಳಿಗೂ ಹೋಗುತ್ತದೆ. ಇದಕ್ಕೆ ಸ್ಥಳೀಯವಾಗಿ ರತಾಳೆ ಎಂದು ಹೆಸರು. ಏಕಾದಶಿ, ಶಿವರಾತ್ರಿಯ ಉಪವಾಸಗಳಲ್ಲಿ ಬೇಯಿಸಿದ ಗೆಣಸಿಗೆ ಬೆಲ್ಲ ಸೇರಿಸಿ ತಿನ್ನುವರು. ಉಪವಾಸದ ‘ಶುದ್ಧ’ ಆಹಾರವೆನಿಸಿದ ಗೆಣಸು, ಆಲೂಗಡ್ಡೆ, ಶೇಂಗಾ ಮೂರೂ ಅಮೆರಿಕ ಖಂಡದಿಂದ ಬಂದವು. ಮೆಣಸಿನಕಾಯಿ ಮತ್ತು ಗೋಡಂಬಿಯ ಮೂಲವೂ ಅದೇ. ಗೋವಾವನ್ನು 1510ರಿಂದ 1961ರವರೆಗೆ ಆಳಿದ ಪೋರ್ಚುಗೀಸರ ಹಡಗುಗಳು ತಂದ ಬೆಳೆಗಳು ಘಟ್ಟದ ಹಾದಿಯನ್ನು ಏರಿ ಒಳನಾಡಿಗೆ ಬಂದವು.

ಜಾಂಬೋಟಿಯಿಂದ ಕಣಕುಂಬಿಗೆ

ಜಾಂಬೋಟಿ ದಾಟಿದ ಮೇಲೆ ಅಡುಗೆಯು ಅಂಗಡಿಯಿಂದ ಮನೆಗೂ ಮನೆಯಿಂದ ಕಾಡಿಗೂ ಸರಿಯುತ್ತದೆ. ಇಲ್ಲಿ ಮರಾಠಾ ರೈತರು, ಎಮ್ಮೆ ಸಾಕುವ ಧನಗರ ಗೌಳಿಗಳು ಹಾಗೂ ಇತರ ಸಮುದಾಯದವರಿದ್ದಾರೆ. ತಾಲೂಕಿನ ದಕ್ಷಿಣದ ಕಾಡುಗಳಲ್ಲಿ ಸಿದ್ದಿಗಳ ವಸತಿಗಳೂ ಇವೆ. ಅಕ್ಕಿ ಅಥವಾ ನಾಚಣಿಯ ಭಾಕರಿ, ಹುರುಳಿಯ ಸಾರು, ಮುರುಗಲಿನ ಹುಳಿ ಮತ್ತು ಮಜ್ಜಿಗೆ ವರ್ಷದುದ್ದಕ್ಕೂ ಇರುತ್ತವೆ. ಉಳಿದುದನ್ನು ಋತುವೇ ನಿರ್ಧರಿಸುತ್ತದೆ.

ಬೇಸಿಗೆಯಲ್ಲಿ ಎಳೆ ಹಲಸಿನ ಪಲ್ಯ, ಕವಳೆಹಣ್ಣು, ನೇರಳೆ, ಗೋಡಂಬಿ ಸಿಗುತ್ತವೆ. ಮುರುಗಲು ಹಣ್ಣಿನ ಸಿಪ್ಪೆಯನ್ನು ಅದರ ರಸದಲ್ಲೇ ಮತ್ತೆ ಮತ್ತೆ ನೆನೆಸಿ ಬಿಸಿಲಿಗೆ ಒಣಗಿಸಿದರೆ ಕಪ್ಪಗಿನ ಆಮಸೂಲ ಸಿದ್ಧವಾಗುತ್ತದೆ. ಬೀಜದಿಂದ ತೆಗೆಯುವ ಗಟ್ಟಿ ತುಪ್ಪವನ್ನು ಒಡೆದ ಹಿಮ್ಮಡಿಗೂ ಹಚ್ಚುತ್ತಾರೆ. ಆಮಸೂಲದ ನೀರಿಗೆ ತೆಂಗಿನ ಹಾಲು ಬೆರೆತರೆ ಸೋಲ್‌ಕಡಿ. ಘಟ್ಟದ ಕೆಳಗಿನ ಈ ಪೇಯವು ಮೇಲಿನ ಊಟಕ್ಕೂ ಒಗ್ಗಿಕೊಂಡಿದೆ.

ಮಳೆಗಾಲದ ಅಡುಗೆಯೇ ಇಲ್ಲಿ ಅತ್ಯಂತ ಸಮೃದ್ಧವಾದುದು. ಮೊದಲ ಮಳೆಗೆ ಚಿಗುರುವ ತಗಚೆ ಸೊಪ್ಪು, ಕೆಸುವಿನೆಲೆಯ ಪತ್ರೊಡೆ, ಹಳ್ಳದ ಏಡಿ, ಹುತ್ತದ ಬಳಿ ಏಳುವ ಅಣಬೆ, ಬಿದಿರಿನ ಎಳೆ ಮೊಳಕೆಯಾದ ಕಳಲೆ ಈ ಕಾಲದವು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿರುವುದರಿಂದ ಅದನ್ನು ಸಣ್ಣಗೆ ಹೆಚ್ಚಿ, ಎರಡು-ಮೂರು ದಿನ ನೀರು ಬದಲಿಸುತ್ತ ನೆನೆಸಿ, ಚೆನ್ನಾಗಿ ಬೇಯಿಸಿಯೇ ತಿನ್ನಬೇಕು. ಅಣಬೆಯ ವಿಷಯದಲ್ಲಿಯೂ ಎಚ್ಚರ ಅಗತ್ಯ. ತಿನ್ನುವ ಅಣಬೆಯನ್ನು ಹೋಲುವ ವಿಷದ ಜಾತಿಗಳಿದ್ದು, ಚಿತ್ರ ನೋಡಿ ಗುರುತಿಸಲು ಹೋಗುವುದು ಅಪಾಯಕಾರಿ. ದಾರಿ ಕಡಿದುಹೋಗುವ ಮಳೆಯ ದಿನಗಳಿಗಾಗಿ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಹಾಗೂ ಒಣಮೀನನ್ನು ಬೇಸಿಗೆಯಲ್ಲೇ ಕೂಡಿಡುವ ರೂಢಿಯಿದೆ.

ಈ ತಾಲೂಕಿನ ಜೇಡಿಮಣ್ಣು ಹೆಸರುವಾಸಿ. ಖಾನಾಪುರದ ಹೆಂಚುಗಳು ಹಳೆಯ ಮನೆಗಳ ಮಾಡಿನ ಮೇಲೆ ಇಂದಿಗೂ ಕಾಣುತ್ತವೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಖಾನಾಪುರದಲ್ಲಿದೆ.

ಆಹಾರ ಪ್ರವಾಸ

ಊಟವನ್ನೇ ಉದ್ದೇಶವಾಗಿಟ್ಟುಕೊಂಡ ಪ್ರವಾಸಕ್ಕೆ ‘ಪಾಕ ಪ್ರವಾಸೋದ್ಯಮ’ ಎಂಬರ್ಥದ ಹೆಸರನ್ನು 1998ರಲ್ಲಿ ಅಮೆರಿಕದ ಜಾನಪದ ವಿದ್ವಾಂಸೆ ಲೂಸಿ ಲಾಂಗ್ ಬಳಕೆಗೆ ತಂದರು. ಸಾಮಾನ್ಯವಾಗಿ ಹತ್ತು-ಹನ್ನೆರಡು ಮಂದಿಯನ್ನು ಮೀರದ ಗುಂಪು, ಸ್ಥಳೀಯ ಮಾರ್ಗದರ್ಶಕರೊಡನೆ ಮೂರು-ನಾಲ್ಕು ಗಂಟೆ ನಡೆದು, ಐದಾರು ಕಡೆ ಸ್ವಲ್ಪ ಸ್ವಲ್ಪ ರುಚಿ ನೋಡುವುದು ಇದರ ಕ್ರಮ. ಬೆಂಗಳೂರಿನ ವಿಶ್ವೇಶ್ವರಪುರದ ತಿಂಡಿ ಬೀದಿಯಲ್ಲಿಯೂ ಇಂತಹ ನಡಿಗೆಗಳು ನಡೆಯುತ್ತವೆ.

ಜೆಕ್ ಗಣರಾಜ್ಯದ ರಾಜಧಾನಿ ಪ್ರಾಗ್‌ನ ಅನುಭವ ಇಲ್ಲಿ ಹೋಲಿಕೆಗೆ ಉಪಯುಕ್ತ. ಹಿಟ್ಟಿನ ಉದ್ದನೆಯ ಮುದ್ದೆಯನ್ನು ಬೇಯಿಸಿ ದಾರದಿಂದ ಬಿಲ್ಲೆಗಳಾಗಿ ಕತ್ತರಿಸುವ ‘ಕ್ನೆಡ್ಲೀಕಿ’, ಗೆಡ್ಡೆ ತರಕಾರಿ ಮತ್ತು ಕೆನೆಯ ಗೊಜ್ಜಿನೊಡನೆ ಬಡಿಸುವ ಗೋಮಾಂಸದ ‘ಸ್ವೀಚ್‌ಕೊವಾ’ ಅಲ್ಲಿನ ಮನೆಗಳಲ್ಲಿ ನಿಜವಾಗಿ ಉಣ್ಣುವ ಅಡುಗೆ. ಆದರೆ ಹಳೆಯ ನಗರದ ಬೀದಿಗಳಲ್ಲಿ ಪ್ರವಾಸಿಗರ ಕಣ್ಣಿಗೆ ಮೊದಲು ಬೀಳುವುದು ಕೋಲಿಗೆ ಸುತ್ತಿ ಸುಟ್ಟ ‘ಟ್ರಡೆಲ್ನೀಕ್’ ಎಂಬ ಸಿಹಿ. ‘ಪ್ರಾಚೀನ ಬೊಹೀಮಿಯದ್ದು’ ಎಂಬ ಫಲಕದಡಿ ಮಾರಾಟವಾಗುವ ಅದು ಪ್ರಾಗ್‌ನಲ್ಲಿ ಹರಡಿದ್ದು ಈಚಿನ ಕೆಲವು ದಶಕಗಳಲ್ಲಿ. ಪ್ರವಾಸಿಗರಿಗಾಗಿ ಒಂದು ಸಂಪ್ರದಾಯ ಹೇಗೆ ಹುಟ್ಟಿಕೊಳ್ಳುತ್ತದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಬಲ್ಲ ಮಾರ್ಗದರ್ಶಕರಿದ್ದರೆ ಅಂಗಡಿಯ ಫಲಕಕ್ಕೂ ಮನೆಯ ಒಲೆಗೂ ಇರುವ ಈ ಅಂತರ ತಿಳಿಯುತ್ತದೆ.

ಬೆಳಗಾವಿಯಲ್ಲಿ ಒಂದು ಮುಂಜಾನೆ, ಜಾಂಬೋಟಿ–ಕಣಕುಂಬಿಯಲ್ಲಿ ಒಂದು ಮಧ್ಯಾಹ್ನ ಎಂದು ಪ್ರವಾಸವನ್ನು ಹಂಚಿಕೊಳ್ಳಬಹುದು. ನಗರದ ಭಾಗಕ್ಕೆ ವಿಶೇಷ ಸಿದ್ಧತೆ ಬೇಡ. ಹಳ್ಳಿಯ ಭಾಗದಲ್ಲಿ ಮಾತ್ರ ಗುಂಪು ಸಣ್ಣದಾಗಿರುವುದು ಅನಿವಾರ್ಯ. ಒಂದು ಮನೆಯ ಒಲೆಯಲ್ಲಿ ಒಮ್ಮೆಗೆ ಬೇಯುವ ಭಾಕರಿಗಳಿಗೆ ಮಿತಿಯಿದೆ, ಬಡಿಸುವ ಕೈಗಳಿಗೂ ಮಿತಿಯಿದೆ. ಊಟದ ಹಣ ಅಡುಗೆ ಮಾಡಿದವರಿಗೆ ನೇರವಾಗಿ ತಲುಪುವ ಏರ್ಪಾಡು ಇದ್ದರೆ ಮಾತ್ರ ಹಳ್ಳಿಗೆ ಇದರಿಂದ ಲಾಭ. ಇಲ್ಲವಾದರೆ ಬಂದವರು ಉಂಡು ಹೋಗುತ್ತಾರೆ, ಮನೆಯ ಹೆಂಗಸರಿಗೆ ಕೆಲಸವಷ್ಟೇ ಹೆಚ್ಚುತ್ತದೆ.

ಕಾಡಿನ ಪದಾರ್ಥಗಳ ಬಗೆಗೆ ಕಾನೂನಿನ ಮಿತಿಯೂ ಇದೆ. ಖಾನಾಪುರ ತಾಲೂಕಿನ ಭೀಮಗಡ ವನ್ಯಜೀವಿಧಾಮವನ್ನು 2011ರಲ್ಲಿ ಘೋಷಿಸಲಾಯಿತು. ಅದರ ವಿಸ್ತೀರ್ಣ ಸುಮಾರು 190 ಚದರ ಕಿ.ಮೀ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಅಭಯಾರಣ್ಯದೊಳಗಿನ ಸಂಗ್ರಹಣೆಯನ್ನು ನಿರ್ಬಂಧಿಸಿದರೆ, 2006ರ ಅರಣ್ಯ ಹಕ್ಕು ಕಾಯ್ದೆಯು ಅರಣ್ಯವಾಸಿಗಳಿಗೆ ಕಿರು ಅರಣ್ಯ ಉತ್ಪನ್ನಗಳ ಮೇಲೆ ಹಕ್ಕನ್ನು ಮಾನ್ಯ ಮಾಡುತ್ತದೆ. ಆ ಹಕ್ಕು ಅಲ್ಲಿ ವಾಸಿಸುವವರದು, ಪ್ರವಾಸಿಗರದಲ್ಲ. ಮನೆಯೊಂದರ ಸಾರಿಗೆ ಬೇಕಾದಷ್ಟು ಕಳಲೆ ಕೀಳುವುದಕ್ಕೂ ಪ್ರತಿ ವಾರ ಬರುವ ಗುಂಪುಗಳಿಗಾಗಿ ಬಿದಿರುಮೆಳೆ ಬರಿದು ಮಾಡುವುದಕ್ಕೂ ಬಹಳ ವ್ಯತ್ಯಾಸವಿದೆ. ಆದುದರಿಂದ ಹಿತ್ತಿಲಿನಲ್ಲಿ ಬೆಳೆದ ಕೆಸು, ಹಲಸು, ಗೆಣಸು, ನಾಚಣಿಗಳನ್ನೇ ಅತಿಥಿಗಳ ಊಟಕ್ಕೆ ಆಧಾರವಾಗಿಸುವುದು ಸೂಕ್ತ.

ಕಾಲ ಮತ್ತು ದಾರಿ

ಅಕ್ಟೋಬರ್‌ನಿಂದ ಫೆಬ್ರವರಿಯವರೆಗಿನ ಅವಧಿ ಪ್ರವಾಸಕ್ಕೆ ಅನುಕೂಲಕರ. ಗೆಣಸಿನ ಸುಗ್ಗಿ ಮತ್ತು ಹೊಸ ಅಕ್ಕಿ ಈ ಕಾಲದಲ್ಲಿ ಬರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಜು ಮತ್ತು ಮಳೆಯಿಂದ ಚೋರ್ಲಾ ಘಟ್ಟದ ರಸ್ತೆಯಲ್ಲಿ ಸಂಚಾರ ಕಷ್ಟವಾಗುತ್ತದೆ. ದಾರಿಯಲ್ಲಿ ಮಲಪ್ರಭಾ ತೀರದ ಹಬ್ಬನಹಟ್ಟಿಯ ಮಾರುತಿ ದೇವಸ್ಥಾನವಿದ್ದು, ಜಾಂಬೋಟಿಯ ಸಮೀಪದಲ್ಲಿ ಮಹದಾಯಿಯ ವಜ್ರಪೋಹ ಜಲಪಾತವಿದೆ. ಬೆಳಗಾವಿಯಿಂದ ಜಾಂಬೋಟಿ ಹಾಗೂ ಕಣಕುಂಬಿಗೆ ಬಸ್ ಸೌಕರ್ಯವಿದೆ.