ಹಂಡೆಯ ತಳದ ಇಂಗಾಲ: ಪೆಟ್ರೋಲು ತಯಾರಿಕೆಯ ಚರಿತ್ರೆಯಲ್ಲಿ ಒಂದು ತೊಡಕು

ಕೈಗಾರಿಕೆಯ ಚರಿತ್ರೆಯನ್ನು ಬರೆಯುವವರು ಪ್ರತಿಯೊಂದು ವಿಧಾನಕ್ಕೂ ಒಬ್ಬ ಕರ್ತೃವನ್ನೂ ಒಂದು ಇಸವಿಯನ್ನೂ ಗೊತ್ತುಮಾಡಿ ಮುಂದೆ ಸಾಗುವುದು ವಾಡಿಕೆ. ಭಾರವಾದ ಎಣ್ಣೆಯನ್ನು ಒಡೆದು ಪೆಟ್ರೋಲನ್ನು ಪಡೆಯುವ ಭಂಜನ ವಿಧಾನಕ್ಕೆ ಅವರು ಕೊಡುವುದು ಅಮೆರಿಕದ ವಿಲಿಯಂ ಬರ್ಟನ್ನನ ಹೆಸರನ್ನು, 1913ನೆಯ ಇಸವಿಯನ್ನು. ಇದು ತಪ್ಪಲ್ಲ, ಆದರೆ ಇಷ್ಟೇ ಸಾಲದು. ಬರ್ಟನ್ನನಿಗೆ ಎದುರಾದ ತೊಡಕು ರಸಾಯನಶಾಸ್ತ್ರದ್ದಕ್ಕಿಂತ ಹೆಚ್ಚಾಗಿ ಹಂಡೆಯದಾಗಿತ್ತೆಂಬುದನ್ನು ಇಲ್ಲಿ ತೋರಿಸಬಯಸುತ್ತೇವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಎಣ್ಣೆ ಶುದ್ಧೀಕರಣಾಗಾರಗಳ ಮುಖ್ಯ ಸರಕು ದೀಪದ ಸೀಮೆಎಣ್ಣೆ. 1910ರ ಹೊತ್ತಿಗೆ ಅಮೆರಿಕದಲ್ಲಿ ನಾಲ್ಕು ಲಕ್ಷಕ್ಕೂ ಮೀರಿ ಮೋಟಾರು ವಾಹನಗಳಾಗಿದ್ದವು. ಅವಕ್ಕೆ ಬೇಕಾದುದು ಪೆಟ್ರೋಲು. ಕಚ್ಚಾ ಎಣ್ಣೆಯನ್ನು ಬಟ್ಟಿ ಇಳಿಸಿದರೆ ದೊರೆಯುತ್ತಿದ್ದ ಪೆಟ್ರೋಲಾದರೋ ಸಾಮಾನ್ಯವಾಗಿ ನೂರಕ್ಕೆ 20ನ್ನು ಮೀರುತ್ತಿರಲಿಲ್ಲ. ಭಾರವಾದ ಎಣ್ಣೆಯನ್ನು ತೀವ್ರವಾಗಿ ಕಾಯಿಸಿದರೆ ಅದರ ದೊಡ್ಡ ಅಣುಗಳು ಒಡೆದು ಹಗುರವಾದ ಎಣ್ಣೆ ಹುಟ್ಟುವುದೆಂಬ ಸಂಗತಿ ಹಿಂದಿನ ಸೀಮೆಎಣ್ಣೆ ತಯಾರಕರಿಗೂ ತಿಳಿದಿತ್ತು. ಒತ್ತಡದಲ್ಲಿ ಬಟ್ಟಿ ಇಳಿಸುವ ವಿಚಾರಕ್ಕೆ ಬ್ರಿಟನ್ನಿನ ಡ್ಯೂವರ್ ಮತ್ತು ರೆಡ್‌ವುಡ್ ಎಂಬವರು ಬರ್ಟನ್ನನಿಗಿಂತ ಮೊದಲೇ ಪೇಟೆಂಟು ಪಡೆದಿದ್ದರು. ಹಾಗಾದರೆ ಉಳಿದಿದ್ದ ಕೆಲಸವೇನು?

ಇಂಡಿಯಾನಾ ಸಂಸ್ಥಾನದಲ್ಲಿ, ಮಿಚಿಗನ್ ಸರೋವರದ ದಡದಲ್ಲಿರುವ ವೈಟಿಂಗ್ ಶುದ್ಧೀಕರಣಾಗಾರದಲ್ಲಿ ಬರ್ಟನ್ನನು ರಾಬರ್ಟ್ ಹಂಫ್ರೀಸ್, ರಾಜರ್ಸ್ ಎಂಬ ಇಬ್ಬರು ರಸಾಯನಜ್ಞರೊಡನೆ ಪ್ರಯೋಗಗಳಿಗೆ ತೊಡಗಿದನು. ಸಾಮಾನ್ಯ ಒತ್ತಡದಲ್ಲಿ ಕಾಯಿಸಿದ ಎಣ್ಣೆ ಒಡೆಯುವಷ್ಟು ಬಿಸಿಯಾಗುವ ಮೊದಲೇ ಬಹುಪಾಲು ಆವಿಯಾಗಿ ಹೊರಟುಹೋಗುತ್ತದೆ. ಹಂಡೆಯನ್ನು ಮುಚ್ಚಿ, ಚದರ ಅಂಗುಲಕ್ಕೆ ಸುಮಾರು 75 ಪೌಂಡು ಒತ್ತಡವನ್ನು ಕಾಯ್ದುಕೊಂಡರೆ ಅದು ಸುಮಾರು 400 ಡಿಗ್ರಿ ಸೆಂಟಿಗ್ರೇಡಿನವರೆಗೂ ದ್ರವವಾಗಿಯೇ ನಿಂತು ಒಡೆಯುತ್ತದೆ. ತತ್ತ್ವ ಇಷ್ಟೇ. ಆದರೆ ಆಗಿನ ಹಂಡೆಗಳು ಉಕ್ಕಿನ ತಗಡುಗಳನ್ನು ರಿವೆಟ್ಟು ಹೊಡೆದು ಜೋಡಿಸಿದವು. ಕೆಳಗೆ ಬೆಂಕಿ ಉರಿಯುತ್ತಿರುವಾಗ ಬೆಸುಗೆಯಿಲ್ಲದ ಆ ಸಂದುಗಳಿಂದ ಎಣ್ಣೆ ಒಸರುತ್ತಿತ್ತು. ಒತ್ತಡದಲ್ಲಿರುವ ಹಂಡೆಯ ಬಳಿಗೇ ಹೋಗಿ ಸಂದುಗಳನ್ನು ಬಡಿದು ಮುಚ್ಚಬೇಕಾಗುತ್ತಿತ್ತು.

ಇದಕ್ಕಿಂತ ಘೋರವಾದುದು ಒಳಗಿನ ಶತ್ರು. ಎಣ್ಣೆ ಒಡೆಯುವಾಗ ಜಲಜನಕದ ಹೆಚ್ಚಿನ ಪಾಲು ಹಗುರವಾದ ಅಂಶದೊಡನೆ ಹೋಗುತ್ತದೆ. ಹಿಂದೆ ಉಳಿದ ಇಂಗಾಲವು ಕೋಕ್ ಆಗಿ ಹಂಡೆಯ ತಳಕ್ಕೆ ಕಚ್ಚುತ್ತದೆ. ಅಡುಗೆ ತಳ ಹಿಡಿಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೋಕ್ ಶಾಖವನ್ನು ಸುಲಭವಾಗಿ ಹಾಯಗೊಡದು. ತಗಡಿನಿಂದ ಶಾಖವನ್ನು ಹೀರಿಕೊಂಡು ಅದನ್ನು ರಕ್ಷಿಸುತ್ತಿದ್ದ ಎಣ್ಣೆಗೂ ತಗಡಿಗೂ ನಡುವೆ ಈ ಕರಿಯ ಪದರ ಬಂದೊಡನೆ ತಗಡು ಕೆಂಪಗೆ ಕಾಯ್ದು, ಮೆತ್ತಗಾಗಿ, ಒಳಗಿನ ಒತ್ತಡಕ್ಕೆ ಉಬ್ಬತೊಡಗುತ್ತದೆ. ಅದು ಹರಿದರೆ ನೂರಾರು ಮಣ ಕುದಿಯುವ ಎಣ್ಣೆ ನೇರವಾಗಿ ಬೆಂಕಿಯ ಮೇಲೆ!

ನೂರು ಹಂಡೆಗಳಿಗಾಗಿ ಹತ್ತು ಲಕ್ಷ ಡಾಲರುಗಳನ್ನು ಬರ್ಟನ್ನನು ಕೇಳಿದಾಗ ನ್ಯೂಯಾರ್ಕಿನ ಸ್ಟ್ಯಾಂಡರ್ಡ್ ಆಯಿಲ್ ನಿರ್ದೇಶಕರು ನಿರಾಕರಿಸಿದರು. ಇಂಡಿಯಾನಾವನ್ನೇ ಸಿಡಿಸಿ ಸರೋವರಕ್ಕೆ ಎಸೆಯುವ ಸನ್ನಾಹವಿದೆಂದು ಅವರಲ್ಲೊಬ್ಬನು ಹೇಳಿದನೆಂಬ ಕತೆ ಪ್ರಚಾರದಲ್ಲಿದೆ. ಅವರನ್ನು ಹೇಡಿಗಳೆನ್ನಲು ನಮಗೆ ಮನಸ್ಸಾಗುವುದಿಲ್ಲ, ಅಪಾಯ ಕಲ್ಪನೆಯದಾಗಿರಲಿಲ್ಲ. 1911ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ಆ ಸಂಸ್ಥೆ ಒಡೆದು ಇಂಡಿಯಾನಾದ ಕಂಪನಿ ಸ್ವತಂತ್ರವಾದ ಮೇಲೆ ಹಣ ಮಂಜೂರಾಯಿತು. 1913ರ ಜನವರಿಯಲ್ಲಿ ಪೇಟೆಂಟು ಬಂದಿತು. ಅದೇ ವರ್ಷ ಹಂಡೆಗಳು ವ್ಯಾಪಾರಕ್ಕಾಗಿ ಉರಿಯತೊಡಗಿದವು. ಒಂದೇ ಕಚ್ಚಾ ಎಣ್ಣೆಯಿಂದ ದೊರೆಯುವ ಪೆಟ್ರೋಲು ಇಮ್ಮಡಿಗೂ ಮಿಕ್ಕಿತು.

ಕೋಕಿನ ಕಾಟ ಮಾತ್ರ ತಪ್ಪಲಿಲ್ಲ. ಹಂಫ್ರೀಸನು ಹಂಡೆಯ ನಿಜವಾದ ತಳಕ್ಕಿಂತ ಸ್ವಲ್ಪ ಮೇಲೆ ಹುಸಿತಳದ ತಗಡುಗಳನ್ನಿರಿಸಿದನು. ಬೀಳುವ ಇಂಗಾಲ ಅವುಗಳ ಮೇಲೆ ನಿಂತಿತು. ಬೆಂಕಿ ತಾಕುವ ತಳ ಬಹುಮಟ್ಟಿಗೆ ಚೊಕ್ಕಟವಾಗಿ ಉಳಿಯಿತು. ಹಂಡೆಯನ್ನು ಮೊದಲಿಗಿಂತ ಹೆಚ್ಚು ಹೊತ್ತು ನಡೆಸಲು ಸಾಧ್ಯವಾಯಿತು. ನೋಡಲು ಕ್ಷುಲ್ಲಕವಾದ ಈ ಉಪಾಯವನ್ನು ನಾವು ಮೂಲ ಪೇಟೆಂಟಿಗೆ ಸಮನಾಗಿ ಎಣಿಸುತ್ತೇವೆ. ಇಲಿನಾಯ್ ಸಂಸ್ಥಾನದ ವುಡ್ ರಿವರಿನಲ್ಲಿದ್ದ ಎಡ್ಗರ್ ಕ್ಲಾರ್ಕನು ಬೆಂಕಿಯನ್ನು ಹಂಡೆಯ ತಳದಿಂದಲೇ ತಪ್ಪಿಸಿ, ಎಣ್ಣೆ ಹರಿಯುವ ಕೊಳವೆಗಳನ್ನು ಕಾಯಿಸಿದನು. ಹರಿಯುವ ಎಣ್ಣೆ ಇಂಗಾಲಕ್ಕೆ ಕಚ್ಚಿಕೊಳ್ಳಲು ಅಷ್ಟಾಗಿ ಅವಕಾಶ ಕೊಡುವುದಿಲ್ಲ.

ಆದರೂ ಸಂಗ್ರಹವಾದ ಕೋಕನ್ನು ಯಾರಾದರೂ ತೆಗೆಯಲೇಬೇಕು. ಹಂಡೆಗಳು ಪೂರ್ತಿ ಆರುವ ಮೊದಲೇ ಒಳಹೊಕ್ಕು ಅದನ್ನು ಕೆತ್ತಿ ತೆಗೆಯುವುದು ಆ ಕಾಲದ ಶುದ್ಧೀಕರಣಾಗಾರಗಳಲ್ಲಿ ಒಂದು ಪ್ರತ್ಯೇಕ ಕಸುಬಾಗಿತ್ತು. 1915ರ ಜುಲೈಯಲ್ಲಿ ನ್ಯೂ ಜೆರ್ಸಿಯ ಬೇಯಾನ್ ಪಟ್ಟಣದಲ್ಲಿ ಎಣ್ಣೆ ಕೆಲಸಗಾರರ ದೊಡ್ಡ ಮುಷ್ಕರವನ್ನು ಆರಂಭಿಸಿದವರು ಈ ಹಂಡೆ ಕೆತ್ತುವವರೇ. ಅವರು ಕೇಳಿದುದು ಹೆಚ್ಚಿನ ಕೂಲಿ. ಗಲಭೆಯಲ್ಲಿ ಕೆಲವರು ಗುಂಡೇಟಿನಿಂದ ಸತ್ತರು. ಅಲ್ಲಿಯ ಹಂಡೆಗಳು ಬರ್ಟನ್ನನ ಮಾದರಿಯವೆಂದು ನಾವು ಹೇಳುತ್ತಿಲ್ಲ. ಕರಿ ಅದೇ, ಕೆಲಸ ಅದೇ. ಪೇಟೆಂಟು ದಫ್ತರಗಳನ್ನು ಮಾತ್ರ ಓದುವ ಚರಿತ್ರಕಾರನಿಗೆ ಇವರು ಕಾಣಸಿಗುವುದಿಲ್ಲ.

1929ರಲ್ಲಿ, ಅದೇ ವೈಟಿಂಗಿನಲ್ಲಿ, ಕೋಕನ್ನು ತಡೆಯುವುದರ ಬದಲು ಬೇಕೆಂದೇ ಒಂದು ಪ್ರತ್ಯೇಕ ಪೀಪಾಯಿಯಲ್ಲಿ ಬೆಳೆಯಗೊಡುವ ಘಟಕವನ್ನು ಕಟ್ಟಲಾಯಿತು. ಎಣ್ಣೆಯನ್ನು ಕುಲುಮೆಯ ಕೊಳವೆಗಳಲ್ಲಿ ರಭಸವಾಗಿ ಹಾಯಿಸಿ ಕಾಯಿಸಿ, ಬೆಂಕಿ ತಾಕದ ಪೀಪಾಯಿಗೆ ಬಿಟ್ಟರೆ ಇಂಗಾಲ ಅಲ್ಲಿ ನೆಲೆಸುತ್ತದೆ. ಈ ಬಗೆಯ ಘಟಕಗಳಲ್ಲಿ ಒಂದು ಪೀಪಾಯಿ ತುಂಬಿದಾಗ ಎಣ್ಣೆಯನ್ನು ಇನ್ನೊಂದಕ್ಕೆ ತಿರುಗಿಸುತ್ತಾರೆ. ತುಂಬಿದುದನ್ನು ಮನುಷ್ಯರು ಒಳಹೊಕ್ಕು ಕೆತ್ತುತ್ತಿದ್ದ ಕಾಲ ಹೋಗಿ, 1930ರ ದಶಕದ ಕೊನೆಯಿಂದ ಅತಿ ಒತ್ತಡದ ನೀರಿನ ಧಾರೆಯಿಂದ ಕೊರೆದು ಉರುಳಿಸುವ ಪದ್ಧತಿ ಬಂದಿತು.